ಮರಗಸಿಗೆ ಬೆಲ್ಟ್ ತಗೊಳ್ಳೋ ಮುಂಚೆ ನೇತಾಡಿ ನೋಡಿ

ಕಾಫಿ ಹೂ ಅರಳಿಸೋ ಹೂಮಳೆ ಮುಗಿದು ಮುಂಗಾರು ಹಿಡಿಯೋ ಮುಂಚೆ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆ ಯಾವ ಕಾಫಿ ತೋಟಕ್ಕೆ ಹೋದ್ರೂ ಮರದ ಮೇಲೆ ಯಾರಾದ್ರೂ ಇದ್ದೇ ಇರ್ತಾರೆ. ಮರಗಸಿ ಟೈಮು, ಅಂದ್ರೆ ಕಾಫಿಗೆ ನೆರಳು ಕೊಡೋ ಮರಗಳ ಕೊಂಬೆ ಕಡಿಯೋ ಕಾಲ. ಮೊದಲೆಲ್ಲ ಸೊಂಟಕ್ಕೊಂದು ಹಗ್ಗ ಕೈಲೊಂದು ಕತ್ತಿ ಅಷ್ಟೇ ಇತ್ತು, ಈಗ ಎಷ್ಟೋ ತೋಟದವರು ಮರ ಹತ್ತೋರಿಗೆ ಬೀಳದ ಹಾಗೆ ಹಾಕ್ಕೊಳ್ಳೋ ಬೆಲ್ಟ್ ತಂದುಕೊಡ್ತಿದಾರೆ, ಬಹಳ ಒಳ್ಳೇದು. ಆದ್ರೆ ತಂದ ಬೆಲ್ಟು ಎರಡು ದಿನ ಕಳೆಯೋದ್ರೊಳಗೆ ಗೋಡೌನ್ ಮೊಳೆಗೆ ಹೋಗಿರುತ್ತೆ. ಯಾಕೆ ಅಂತ ಕೇಳಿದ್ರೆ "ಅಣ್ಣಾ, ಅದ್ರಲ್ಲಿ ಕೂತ್ರೆ ಕಾಲು ಜೋಮು ಹಿಡಿಯುತ್ತೆ, ಹಗ್ಗಾನೇ ವಾಸಿ" ಅಂತಾರೆ. ಕೆಲಸದವರದ್ದು ಏನೂ ತಪ್ಪಿಲ್ಲ. ಕೊಂಡವರು ಅಂಗಡೀಲಿ ನಿಂತ್ಕೊಂಡು ಹಾಕಿ ನೋಡಿ ತಂದಿರ್ತಾರೆ, ಇಲ್ಲಾಂದ್ರೆ ಫೋಟೋ ನೋಡಿ ಆನ್‌ಲೈನಲ್ಲಿ ತರಿಸಿರ್ತಾರೆ. ನಿಂತಾಗ ಎಲ್ಲಾ ಬೆಲ್ಟೂ ಚೆನ್ನಾಗೇ ಕೂರುತ್ತೆ, ಅದರ ಬಣ್ಣ ಬಯಲಾಗೋದು ನೇತಾಡಿದಾಗ. ನೋವು ಕೊಡೋ ಬೆಲ್ಟನ್ನ ಯಾರೂ ಹಾಕ್ಕೊಳ್ಳಲ್ಲ, ಹಾಕ್ಕೊಳ್ಳದೇ ಇರೋ ಬೆಲ್ಟು ಯಾರನ್ನೂ ಉಳಿಸಲ್ಲ, ಅದಕ್ಕೇ ಆರಾಮ ಅನ್ನೋದನ್ನ ಶೋಕಿ ಅಂತ ಯಾರೂ ತಳ್ಳಿಹಾಕಬೇಡಿ.

ಮೊದಲು ಬೆಲ್ಟಿನ ಜಾತಿ ಸರಿ ಮಾಡ್ಕೊಳ್ಳಿ. ಹಾರ್ಡ್‌ವೇರ್ ಅಂಗಡೀಲಿ "ಸೇಫ್ಟಿ ಬೆಲ್ಟ್ ಕೊಡಿ" ಅಂದ್ರೆ ಕೈಗೆ ಬರೋದು ಬಿಲ್ಡಿಂಗ್ ಕೆಲಸದ್ದು, ಬೆನ್ನ ಮೇಲೆ ರಿಂಗ್ ಇರುತ್ತೆ, ಐಎಸ್ 3521 ಅಂತ ನಮ್ಮ ದೇಶದ ಗುಣಮಟ್ಟದ ಮಾರ್ಕೂ ಇರಬಹುದು. ಅದು ಕೆಟ್ಟ ಸಾಮಾನಲ್ಲ, ಬಿದ್ದವನನ್ನ ಹಿಡಿಯೋಕೆ ಅಂತ ಮಾಡಿದ್ದು. ಕೂತು ಕೆಲಸ ಮಾಡೋಕೆ ಮಾಡಿದ್ದಲ್ಲ. ಬೆನ್ನಿಂದ ನೇತುಬಿದ್ದವನ ಮುಖ ಮುಂದಕ್ಕೆ ಬಾಗುತ್ತೆ, ತೊಡೆಯ ಸಣ್ಣ ಪಟ್ಟಿ ಕತ್ತರಿಸಿದ ಹಾಗೆ ಒತ್ತುತ್ತೆ, ಅದರಲ್ಲಿ ಹತ್ತು ನಿಮಿಷ ಗರಗಸ ಎಳೆಯೋಕಾಗಲ್ಲ. ಕರೆಂಟ್ ಕಂಬದವರ ಬರೀ ಸೊಂಟದ ಬೆಲ್ಟು ಇನ್ನೂ ಅಪಾಯ, ಕಾಲು ಜಾರಿದ್ರೆ ಸೀದಾ ಪಕ್ಕೆಲುಬಿಗೆ ಏರಿ ಉಸಿರು ಕಟ್ಟಿಸುತ್ತೆ. ಬಂಡೆ ಹತ್ತೋರ ಹಾರ್ನೆಸ್ಸು ಹಗುರ, ನೋಡೋಕೂ ಚೆಂದ, ಆದ್ರೆ ತೆಳು, ಅದರಲ್ಲಿ ಪಕ್ಕದ ರಿಂಗೇ ಇರಲ್ಲ. ಮರದ ಕೆಲಸಕ್ಕೆ ಬೇಕಾಗಿರೋದು ಅಗಲ ಸೊಂಟಪಟ್ಟಿ, ಎರಡು ತೊಡೆಪಟ್ಟಿ, ಮುಂದೆ ಹಗ್ಗ ಕಟ್ಟೋ ಜಾಗ, ಎಡಕ್ಕೊಂದು ಬಲಕ್ಕೊಂದು ರಿಂಗ್ ಇರೋ ಕೂರೋ ಬೆಲ್ಟು. ಹೊರದೇಶದ ಮಾಲಾದ್ರೆ ಲೇಬಲ್ ಮೇಲೆ ಯುರೋಪಿನ ಗುಣಮಟ್ಟದ ಮಾರ್ಕು ಇಎನ್ 813, ಇಎನ್ 358 ಎರಡೂ ಇದೆಯಾ ನೋಡಿ, ಮೊದಲನೇದು ಕೂತು ನೇತಾಡೋದಕ್ಕೆ, ಎರಡನೇದು ಪಕ್ಕದ ರಿಂಗಿಗೆ ಹಗ್ಗ ಹಾಕಿ ಮರಕ್ಕೆ ಒರಗೋದಕ್ಕೆ. ಫ್ರಾನ್ಸಿನ ಪೆಟ್ಜಲ್‌ದು ಸಿಕ್ವೋಯಾ, ಆಸ್ಟ್ರಿಯಾದ ಟಾಯ್ಫೆಲ್‌ಬರ್ಗರ್‌ದು ಟ್ರೀಮೋಷನ್ ಈ ಜಾತಿಯವು. ದುಡ್ಡು ಜಾಸ್ತಿನೇ. ಕೊಳ್ಳದಿದ್ರೂ ಪರವಾಗಿಲ್ಲ, ಅವುಗಳ ಫೋಟೋ ಒಂದ್ಸಲ ಗಮನ ಇಟ್ಟು ನೋಡಿ, ಯಾವ ಭಾಗ ಎಲ್ಲಿರಬೇಕು ಅಂತ ಕಣ್ಣಿಗೆ ರೂಢಿಯಾಗುತ್ತೆ.

ಅಳತೆ ತಗೊಳ್ಳೋದು ಸುಲಭ. ಕೆಲಸಕ್ಕೆ ಹಾಕೋ ಪ್ಯಾಂಟ್ ಮೇಲೇನೇ ಸೊಂಟದ ಮೂಳೆ ಮೇಲ್ಗಡೆ ಒಂದು ಅಳತೆ, ತೊಡೆಯ ದಪ್ಪ ಜಾಗದಲ್ಲಿ ಒಂದು ಅಳತೆ. ಪ್ಯಾಂಟಿನ ಸೈಜ್ ಹೇಳಿ ಆರ್ಡರ್ ಮಾಡಬೇಡಿ. ಪಟ್ಟಿ ಎಳೆದಾಗ ಬಕಲ್ ಆಚೀಚೆ ಎರಡೂ ಕಡೆ ಇನ್ನೂ ಜಾಗ ಉಳಿಯೋ ಸೈಜೇ ಸರಿಯಾದ ಸೈಜು.

ಕೂರೋಕೆ ಹಲಗೆ ಇರೋದು ತಗೊಳ್ಳಲಾ ಬರೀ ತೊಡೆಪಟ್ಟಿದು ತಗೊಳ್ಳಲಾ ಅಂತ ಸುಮಾರು ಜನ ಕೇಳ್ತಾರೆ. ಒಂದೇ ಕಡೆ ಗಂಟೆಗಟ್ಟಲೆ ಕೂರೋರಿಗೆ ಹಲಗೆ ಸುಖ, ತೊಡೆ ಒತ್ತಲ್ಲ. ಮರಗಸೀಲಿ ಯಾರು ಒಂದೇ ಕಡೆ ಕೂರ್ತಾರೆ? ಕೊಂಬೆ ಮಧ್ಯ ನುಸುಳುವಾಗ ಹಲಗೆ ಸಿಕ್ಕಾಕ್ಕೊಳುತ್ತೆ, ಮೆಣಸಿನ ಬಳ್ಳಿ ಹಬ್ಬಿರೋ ಮರದಲ್ಲಂತೂ ಬಳ್ಳೀನೇ ಕಿತ್ಕೊಂಡು ಬರುತ್ತೆ. ನಾನು ತೊಡೆಪಟ್ಟಿದೇ ತಗೊಳ್ಳಿ ಅಂತೀನಿ. ಹಲಗೆ ಬೇಕೇ ಬೇಕು ಅಂದ್ರೆ ಆಮೇಲೆ ಬೇರೆಯಾಗಿ ಸೇರಿಸೋಕೆ ಬರೋ ಮಾಡೆಲ್ ನೋಡಿ.

ಇನ್ನು ಎಲ್ಲರೂ ಬಿಟ್ಟುಬಿಡೋ ಹಂತ, ನೇತಾಡಿ ನೋಡೋದು. ಇದೊಂದನ್ನ ಸರಿಯಾಗಿ ಮಾಡಿದ್ರೆ ಸಾಕು, ಬೇರೆ ಕಡೆ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ. ಗೋಡೌನಿನ ಗಟ್ಟಿ ತೊಲೆ ಅಥವಾ ಹಲಸಿನ ಮರದ ದಪ್ಪ ಜೀವಂತ ಕೊಂಬೆ ಹುಡುಕಿ, ಹಾಲವಾಣ ಬೇಡ, ಅದು ಮೆತ್ತಗಿನ ಮರ, ಸಿಲ್ವರ್ ಓಕಿನ ಪಕ್ಕದ ಕೊಂಬೇನೂ ಬೇಡ, ಪಟಕ್ ಅಂತ ಮುರಿಯುತ್ತೆ. ಹಗ್ಗದ ಉದ್ದ ಹೇಗಿರಬೇಕು ಅಂದ್ರೆ ಬೆಲ್ಟಲ್ಲಿ ಕೂತಾಗ ಪಾದ ನೆಲ ಬಿಡಬೇಕು, ಕಾಲು ಚಾಚಿದ್ರೆ ಮತ್ತೆ ನೆಲ ಸಿಗಬೇಕು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಅಲ್ಲಾಡದೆ ನೇತಾಡ್ತಿದ್ರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತು ಬರುತ್ತೆ, ಹಾಗೆ ಪ್ರಜ್ಞೆ ತಪ್ಪಿ ನೇತಾಡ್ತಾ ಉಳಿದವರ ಜೀವಕ್ಕೇ ಅಪಾಯ, ಇದು ಮರದ ಮೇಲಿನ ಕೆಲಸಕ್ಕೂ ಅನ್ವಯ.

ಹಾಕ್ಕೊಳ್ಳೋವಾಗ ಮೊದಲು ಸೊಂಟಪಟ್ಟಿ ಬಿಗಿ ಮಾಡಿ, ಸೊಂಟದ ಮೂಳೆಗಿಂತ ಮೇಲೆ ಕೂರಬೇಕು, ಅಂಗೈ ಒಳಗೆ ಹೋಗಬೇಕು ಮುಷ್ಟಿ ಹೋಗಬಾರದು. ಆಮೇಲೆ ತೊಡೆಪಟ್ಟಿ, ಅದಕ್ಕೂ ಅದೇ ಲೆಕ್ಕ. ಇಲ್ಲಿಗೆ ಮುಗೀತು ಅಂದ್ಕೊಂಡು ಎಲ್ಲರೂ ನಿಲ್ಲಿಸ್ತಾರೆ, ಆದ್ರೆ ಬೆಲ್ಟಿನ ಸುಖದಲ್ಲಿ ಮುಕ್ಕಾಲು ಪಾಲು ಮೂರನೇ ಒಂದು ಪಟ್ಟೀಲಿದೆ, ತೊಡೆಪಟ್ಟಿಯಿಂದ ಸೊಂಟಪಟ್ಟಿಗೆ ಎರಡೂ ಕಡೆ ಹೋಗೋ ಸಣ್ಣ ಪಟ್ಟಿ. ಅದು ಉದ್ದ ಆಯ್ತು ಅಂದ್ರೆ ಮೈಭಾರ ಪೂರ್ತಿ ಸೊಂಟದ ಮೇಲೆ ಬಿದ್ದು ಬೆಲ್ಟು ಪಕ್ಕೆಲುಬಿನ ಕಡೆ ಏರುತ್ತೆ. ತೀರಾ ಗಿಡ್ಡ ಆಯ್ತು ಅಂದ್ರೆ ಮಂಡಿ ಮೇಲೆದ್ದು ಮೈ ಹಿಂದಕ್ಕೆ ವಾಲುತ್ತೆ, ತಲೆ ನೆಟ್ಟಗೆ ಇಟ್ಕೊಳ್ಳೋಕೇ ಹೊಟ್ಟೆಯ ಶಕ್ತಿ ಎಲ್ಲಾ ಹೋಗುತ್ತೆ. ಕೂತ್ಕೊಳ್ಳಿ, ಇಳೀರಿ, ಒಂದು ಬೆರಳಿನಷ್ಟು ಬಿಗಿ ಮಾಡಿ, ಮತ್ತೆ ಕೂತ್ಕೊಳ್ಳಿ. ಕೈ ಎರಡೂ ಬಿಟ್ಟು ಕೂತಾಗ ಮೈ ಸ್ವಲ್ಪವೇ ಹಿಂದಕ್ಕೆ ಒರಗಿ ತಾನಾಗೇ ನಿಲ್ಲಬೇಕು, ಭಾರ ಅರ್ಧ ತೊಡೆಗೆ ಅರ್ಧ ಸೊಂಟಕ್ಕೆ ಹಂಚ್ಕೊಂಡ ಹಾಗೆ ಅನ್ನಿಸಬೇಕು. ಆ ಪಟ್ಟಿ ಅಡ್ಜಸ್ಟ್ ಮಾಡೋಕೇ ಬರದ ಬೆಲ್ಟು ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ತಗೋಬೇಡಿ, ನಿಮ್ಮ ಮೈ ಅವರ ಅಳತೆಗೆ ಸರಿಹೊಂದಬೇಕು ಅಂತ ಏನಿಲ್ಲವಲ್ಲ.

ಸರಿಹೋಯ್ತು ಅನ್ನಿಸಿದ ಮೇಲೆ ಇಪ್ಪತ್ತು ನಿಮಿಷ ಕೂರಿ. ಎರಡು ನಿಮಿಷಕ್ಕೆ ಏನೂ ಗೊತ್ತಾಗಲ್ಲ. ಸುಮ್ಮನೆ ಕೂರೋದಲ್ಲ, ಕಾಲು ಆಡಿಸ್ತಾ ಇರಿ, ಬಲಕ್ಕೆ ಬಾಗಿ ದೂರದ್ದೇನೋ ಹಿಡಿಯೋ ಹಾಗೆ ಕೈ ಚಾಚಿ, ಎಡಕ್ಕೂ ಚಾಚಿ, ಒಂದು ಕಾಲು ಗೋಡೆಗೆ ಕೊಟ್ಟು ತಿರುಗಿ. ತೊಡೆ ಸಂದಲ್ಲಿ ಪಟ್ಟಿ ಚುಚ್ಚಿದ್ರೆ ಅಥವಾ ಗಂಡಸರಿಗೆ ನಡುವೆ ಹಿಡ್ಕೊಂಡ್ರೆ ಪಟ್ಟಿ ಕೆಳಗಿಳಿಸಿ ನೋಡಿ, ಆಮೇಲೂ ಬಿಡಲಿಲ್ಲ ಅಂದ್ರೆ ಆ ಬೆಲ್ಟು ನಿಮ್ಮದಲ್ಲ. ತೊಡೆಯ ಹೊರಗಡೆ ಚರ್ಮ ಮರಗಟ್ಟಿ ಉರಿ ಬರೋದಕ್ಕೆ ಶುರುವಾದ್ರೆ ಸೊಂಟದ ಮೂಳೆ ಮುಂದಿನ ನರ ಒತ್ತಿದೆ ಅಂತ ಅರ್ಥ, ಅದನ್ನ "ರೂಢಿ ಆಗುತ್ತೆ ಬಿಡು" ಅಂತ ಬಿಡಬೇಡಿ, ದಿನಾ ಒತ್ತಿದ್ರೆ ಕೆಲಸ ಬಿಟ್ಟ ಮೇಲೂ ಜೋಮು ಉಳಿಯುತ್ತೆ. ಪಾದ ಜೋಮು ಹಿಡಿದ್ರೆ ತೊಡೆಪಟ್ಟಿ ಸಣ್ಣದಾಯ್ತು ಅಥವಾ ಅಂಚು ಗಡುಸಾಗಿದೆ. ಅಂಚನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ, ನಡುವೆ ಗಟ್ಟಿ ಇದ್ದು ಅಂಚು ಮೆತ್ತಗೆ ಬಾಗಬೇಕು.

ಇಷ್ಟಾದ ಮೇಲೆ ಪಕ್ಕದ ರಿಂಗಿಗೆ ಲ್ಯಾನ್ಯಾರ್ಡ್, ಅಂದ್ರೆ ಮರ ಸುತ್ತಿ ಕಟ್ಟೋ ಗಿಡ್ಡ ಹಗ್ಗ, ಹಾಕಿ ಮರ ಸುತ್ತಿಸಿ ಕಾಲು ಬೊಡ್ಡೆಗೆ ಕೊಟ್ಟು ಹಿಂದಕ್ಕೆ ಒರಗಿ. ಸಿಲ್ವರ್ ಓಕ್ ಥರ ನೆಟ್ಟಗಿನ ಮರದಲ್ಲಿ ಹೆಚ್ಚು ಹೊತ್ತು ಇರೋದು ಹೀಗೇ, ಇಲ್ಲಿ ಭಾರ ಬೀಳೋದು ಬೆನ್ನಿಗೆ. ಸೊಂಟಪಟ್ಟಿ ಹಿಂದೆ ಅಗಲ ಇಲ್ಲದಿದ್ರೆ ಸಂಜೆ ಹೊತ್ತಿಗೆ ಬಗ್ಗೋಕಾಗಲ್ಲ. ರಿಂಗ್ ತೀರಾ ಮುಂದಿದ್ರೆ ಪಟ್ಟಿ ಎರಡೂ ಕಡೆಯಿಂದ ಹೊಟ್ಟೆ ಹಿಂಡುತ್ತೆ, ಅದೂ ಒರಗಿದಾಗಲೇ ಗೊತ್ತಾಗೋದು. ಅಂಗಡಿಯವರು ನೇತಾಡೋಕೆ ಬಿಡಲ್ಲ ಅಂದ್ರೆ ವಾಪಸ್ ತಗೊಳ್ಳೋ ಅಂಗಡಿ ಹುಡುಕಿ, ಲೇಬಲ್ ಕೀಳದೆ ಮನೇಲಿ ನೇತಾಡಿ.

ಮುಂದಿನದು ಬ್ರಿಡ್ಜ್, ಹೊಟ್ಟೆ ಮುಂದೆ ಎಡದಿಂದ ಬಲಕ್ಕೆ ಹೋಗೋ ತುಂಡು ಹಗ್ಗ, ಅದರ ಮೇಲೆ ಒಂದು ರಿಂಗ್ ಓಡಾಡುತ್ತೆ, ಮೇಲಿನ ಹಗ್ಗ ಆ ರಿಂಗಿಗೆ. ಹಲಸು, ಅತ್ತಿ ಥರ ಅಗಲಕ್ಕೆ ಹರಡಿದ ಮರದಲ್ಲಿ ಕೊಂಬೆ ತುದಿಗೆ ಸರಿಯೋವಾಗ ಮೈ ವಾಲಿದ್ರೂ ರಿಂಗ್ ಜಾರಿ ಭಾರ ನೆಟ್ಟಗೆ ಹಿಡಿಯುತ್ತೆ. ಕೈ ಹಾಕಿದ ಕಡೆ ಚಗಳಿ ಇರುವೆ ಗೂಡು ಒಡೆದುಹೋದಾಗ ಒಂದೇ ಸಲಕ್ಕೆ ಆ ಕಡೆಯಿಂದ ಈ ಕಡೆ ಹೊರಳೋಕೆ ಆಗಬೇಕು, ಅಲ್ಲಿ ಗೊತ್ತಾಗುತ್ತೆ ಬ್ರಿಡ್ಜಿನ ಬೆಲೆ. ಉದ್ದ ಬ್ರಿಡ್ಜಲ್ಲಿ ಹೊರಳೋದು ಸುಲಭ, ಆದ್ರೆ ಮೇಲಿನ ಹಗ್ಗದ ಗಂಟು ಮುಖದಿಂದ ದೂರ ಹೋಗಿ ಕೈ ಎತ್ತಿ ಎತ್ತಿ ಸುಸ್ತು. ಕೂತಾಗ ರಿಂಗು ಎದೆಗೂಡಿನ ಕೆಳಗೆ ಬರೋ ಹಾಗಿದ್ರೆ ನನ್ನ ಪ್ರಕಾರ ಸರಿ. ಬ್ರಿಡ್ಜು ಸವೆಯೋ ಭಾಗ, ಬಿಚ್ಚಿ ಹೊಸದು ಹಾಕೋಕೆ ಬರೋದನ್ನೇ ತಗೊಳ್ಳಿ. ಹಾಕೋದು ಕಂಪನಿಯ ಬ್ರಿಡ್ಜೇ ಆಗಿರಲಿ, ಪೇಟೆಯ ನೈಲಾನ್ ಹಗ್ಗ ಕಡಿದು ಗಂಟು ಹಾಕಿರೋ ಬ್ರಿಡ್ಜ್ ಕಂಡ್ರೆ ಆ ಬೆಲ್ಟಲ್ಲಿ ಯಾರನ್ನೂ ಮರ ಹತ್ತಿಸಬೇಡಿ.

ಸಾಮಾನು ನೇತುಹಾಕಿ ಮತ್ತೊಂದ್ಸಲ ಕೂರಿ. ಕೈಗರಗಸ, ಕತ್ತಿ, ನೀರಿನ ಬಾಟ್ಲಿ, ಚೈನ್‌ಸಾ ಉಪಯೋಗಿಸ್ತೀರಾದ್ರೆ ಅದೂ. ಖಾಲಿ ಇದ್ದಾಗ ಆರಾಮಾಗಿದ್ದ ಬೆಲ್ಟು ಒಂದು ಕಡೆ ಭಾರ ಬಿದ್ದ ತಕ್ಷಣ ತಿರುಗುತ್ತೆ, ಆ ಕಡೆ ಸೊಂಟದ ಮೂಳೆ ಕೊರೆಯೋಕೆ ಶುರು. ಭಾರದ್ದು ಹಿಂದಕ್ಕೆ, ಎರಡೂ ಕಡೆ ಸಮ ಹಂಚಿ. ಸಾಮಾನು ಜಾಸ್ತಿ ಅಂದ್ರೆ ಹೆಗಲ ಪಟ್ಟಿ ಸೇರಿಸಿ, ಸೊಂಟ ಸಣ್ಣಗಿದ್ದು ಬೆಲ್ಟು ಜಾರೋರಿಗೂ ಅದು ಬೇಕು. ಕತ್ತಿಗೆ ಒರೆ ಇರಲೇಬೇಕು, ಬಿಗಿಯಾಗಿ ಎಳೆದು ನಿಂತ ಹಗ್ಗಕ್ಕೆ ಕತ್ತಿ ಒಂದು ಸಲ ತಾಗಿದ್ರೂ ಸಾಕು. ಅದಕ್ಕೇ ಕಡಿಯೋ ಹೊತ್ತಲ್ಲಿ ಮೇಲಿನ ಹಗ್ಗದ ಜೊತೆ ಲ್ಯಾನ್ಯಾರ್ಡೂ ಹಾಕಿರಿ, ಎರಡು ಕಡೆ ಹಿಡಿತ.

ಪ್ಯಾಡ್ ವಿಷಯದಲ್ಲಿ ದಪ್ಪ ಇದ್ದಷ್ಟೂ ಆರಾಮ ಅನ್ನೋದನ್ನ ನಂಬಬೇಡಿ. ಮೆತ್ತನೆ ಸ್ಪಂಜು ಅಂಗಡೀಲಿ ದಿಂಬಿನ ಹಾಗಿರುತ್ತೆ, ಭಾರ ಬಿದ್ರೆ ಚಪ್ಪಟೆಯಾಗಿ ಒಳಗಿನ ಪಟ್ಟಿ ಮೈಗೆ ತಾಗುತ್ತೆ. ಮಲೆನಾಡಿನ ಮಳೇಲಿ ನೆಂದ್ರೆ ಒಣಗೋದೂ ಇಲ್ಲ, ಬೂಷ್ಟು ಹಿಡಿದು ನಾರುತ್ತೆ. ಜಾಲರಿ ಬಟ್ಟೆ, ಗಟ್ಟಿ ಫೋಮ್ ಇರೋದು ತಗೊಳ್ಳಿ, ನೆರಳಲ್ಲಿ ಒಣಗಿಸಿ, ಮೆಷಿನ್ ಪೆಟ್ರೋಲು, ಬ್ಯಾಟರಿ ಆಸಿಡ್ಡು ಇರೋ ಕೋಣೇಲಿ ಇಡಬೇಡಿ.

ಸೆಕೆಂಡ್ ಹ್ಯಾಂಡ್ ಬೇಡ. ಹೊಲಿಗೆ ಎಷ್ಟೇ ಹೊಸದಾಗಿ ಕಂಡ್ರೂ ಹಿಂದೆ ಅದನ್ನ ಹಾಕ್ಕೊಂಡು ಯಾರಾದ್ರೂ ಬಿದ್ದಿದಾರಾ ಅಂತ ಯಾರೂ ಹೇಳಲ್ಲ. ತಯಾರಾದ ವರ್ಷ ಲೇಬಲ್ಲಲ್ಲೇ ಇರುತ್ತೆ, ಪೆಟ್ಜಲ್‌ನವರು ಬಟ್ಟೆ ಪ್ಲಾಸ್ಟಿಕ್ ಸಾಮಾನಿಗೆ ಹೆಚ್ಚಂದ್ರೆ 10 ವರ್ಷ ಅಂತಾರೆ, ಹೊಲಿಗೆ ಬಿಟ್ರೆ, ಪಟ್ಟಿ ಕೊಯ್ದಿದ್ರೆ, ಬಿಸಿಗೆ ಕರಗಿ ಗಾಜಿನ ಹಾಗೆ ಹೊಳೆದ್ರೆ ಅದಕ್ಕಿಂತ ಮುಂಚೇನೇ ತೆಗೆದುಹಾಕಿ.

ತೋಟದವರಿಗೆ ಒಂದು ಮಾತು, ನಾಲ್ಕು ಜನಕ್ಕೆ ಒಂದು ಬೆಲ್ಟ್ ತರಬೇಡಿ. ಒಬ್ಬರಿಗೆ ಸರಿಮಾಡಿದ ಸಣ್ಣ ಪಟ್ಟಿ ಇನ್ನೊಬ್ಬರಿಗೆ ಹೊಂದಲ್ಲ, ದಿನಾ ಬೆಳಗ್ಗೆ ಯಾರೂ ಕೂತು ಸರಿಮಾಡ್ಕೊಳ್ಳೋದೂ ಇಲ್ಲ, ಕೊನೆಗೆ ಎಲ್ಲರಿಗೂ ನೋವು. ಹತ್ತೋರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು, ಅವರನ್ನೇ ಕರ್ಕೊಂಡು ಹೋಗಿ ನೇತಾಡಿಸಿ ಕೊಳ್ಳಿ. ಹೆಸರು ಬರೆಯೋದಾದ್ರೆ ಪಟ್ಟಿ ಮೇಲೆ ಮಾರ್ಕರ್‌ನಲ್ಲಿ ಬರೀಬೇಡಿ, ಅದರ ರಾಸಾಯನಿಕ ದಾರಕ್ಕೆ ಒಳ್ಳೇದಲ್ಲ, ಲೇಬಲ್ ಮೇಲೆ ಬರೀರಿ ಅಥವಾ ಸಾಮಾನು ನೇತುಹಾಕೋ ಕುಣಿಕೆಗೆ ಬಣ್ಣದ ದಾರ ಕಟ್ಟಿ.