ತೇಪೆ ಕಾಣದ ಹಾಗೆ ಬಣ್ಣ ಕೂಡಿಸಿದ್ದು

ಮಳೆಗಾಲ ಮುಗಿದರೆ ಸಾಕು, ಕಾರವಾರದಿಂದ ಕುಮಟಾದವರೆಗೂ ನಮಗೆ ಬರುವ ಫೋನು ಒಂದೇ ಥರದ್ದು: ಗೋಡೆ ತೇವ ಕುಡಿದು ಬಣ್ಣ ಎದ್ದಿದೆ, ಅಷ್ಟೇ ಜಾಗ ಹೊಡೆದುಕೊಡಿ. 'ತೇಪೆ ಕಂಡೇ ಕಾಣ್ತದೆ ಮಾರಾಯಾ, ಇಡೀ ಗೋಡೆ ಹೊಡಿ' ಎಂದು ಜೊತೆಯವರೆಲ್ಲ ಹೇಳಿದವರೇ. ಈಗ ನಾನು ಮಾಡಿದ ತೇಪೆಯನ್ನು ಅವರೇ ಹುಡುಕಿ ಸೋತಿದ್ದಾರೆ.

ಮೊದಲು ಅಂಗಡಿಯ ಬಣ್ಣ ಬೆರೆಸುವ ಮಷಿನ್ ನಂಬಿ ಸುಮಾರು ನಾಲ್ಕೈದು ಸಾವಿರ ಹೋಯಿತು. ಹಳೇ ಡಬ್ಬದ ಶೇಡ್ ಕೋಡ್ ಹೇಳಿ ಅದೇ ಬಣ್ಣ ತಂದರೆ ಹೊಂದುವುದಿಲ್ಲ, ಗೋಡೆ ಅಷ್ಟರಲ್ಲಿ ಬಿಸಿಲು, ಹೊಗೆ ತಿಂದು ತಿರುಗಿರುತ್ತದೆ. ಗೋಡೆಯ ಚಕ್ಕೆಯನ್ನೇ ಕಿತ್ತು ಸ್ಕ್ಯಾನ್ ಮಾಡಿಸಿದೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಕೂಡಿತು, ಬೆಳಿಗ್ಗೆ ಬಿಸಿಲಿಗೆ ಬೇರೆಯಾಯಿತು. ಹಳೆಯದರಲ್ಲಿದ್ದದ್ದು ಯೆಲ್ಲೋ ಆಕ್ಸೈಡ್ ಎಂಬ ಮಣ್ಣುಹಳದಿ, ಮಷಿನ್ ಹಾಕಿದ್ದು ಇನ್ನೊಂದು ಹಳದಿ. ನಮ್ಮ ಕಣ್ಣಿನಲ್ಲಿ ಬಣ್ಣ ಅಳೆಯುವ ಕೋಶಗಳು ಮೂರೇ ಬಗೆ. ಒಂದು ಬೆಳಕಿನಲ್ಲಿ ಆ ಮೂರರ ಲೆಕ್ಕ ಸಮ ಬಂದರೆ ಎರಡೂ ಒಂದೇ ಬಣ್ಣ ಅನ್ನಿಸುತ್ತದೆ, ಬೆಳಕು ಬದಲಾದರೆ ಲೆಕ್ಕ ಒಡೆಯುತ್ತದೆ. ಹಾಗಾಗಿ ಹಳೇ ಬಣ್ಣದಲ್ಲಿದ್ದ ಸ್ಟೇನರ್, ಅಂದರೆ ಬಿಳಿ ಪೇಂಟಿಗೆ ಬೆರೆಸುವ ಗಟ್ಟಿ ಬಣ್ಣ, ಯಾವುದೆಂದು ಊಹಿಸಿ ಅದನ್ನೇ ಹಾಕಬೇಕು.

ಕಣ್ಣಿಗೆ ಹೊಡೆಯುವ ಬಣ್ಣವನ್ನು ತಗ್ಗಿಸಲು ಕಪ್ಪು ಹಾಕುವುದನ್ನು ಬಿಟ್ಟೇಬಿಟ್ಟೆ. ಹಳದಿಗೆ ಕಪ್ಪು ಬಿದ್ದರೆ ಪಾಚಿ ಹಸಿರು. ಬದಲಿಗೆ ಎದುರು ಬಣ್ಣ ಹಾಕುತ್ತೇನೆ, ಕ್ರೀಮಿಗೆ ನೇರಳೆ, ಹಸಿರು ಗೋಡೆಗೆ ಕೆಂಪು: ಲೀಟರಿಗೆ ಎರಡು ಮೂರು ಹನಿ, ಅಷ್ಟೇ.

ಇನ್ನು ನೋಡುವ ಕ್ರಮ, ನನ್ನ ಕೆಲಸ ಗೆದ್ದದ್ದೇ ಇಲ್ಲಿ. ಬೂದು ರಟ್ಟಿಗೆ ಎರಡು ತೂತು: ಒಂದು ಹಳೇ ಗೋಡೆಗೆ, ಇನ್ನೊಂದು ಪೂರ್ತಿ ಒಣಗಿದ ಸ್ಯಾಂಪಲ್ಲಿಗೆ. ಪಕ್ಕದ ಬಣ್ಣ ಕಣ್ಣಿಗೆ ಬೀಳಬಾರದು. ಕೆಂಪು ಚಿರೇಕಲ್ಲಿಗೆ ತಾಗಿಸಿ ಬೂದು ಪಟ್ಟಿ ಹೊಡೆದು ನೋಡಿ, ಹಸಿರು ಛಾಯೆ ಕಾಣುತ್ತದೆ. ಪ್ಯಾರಿಸ್ಸಿನ ಗೋಬ್ಲಾನ್ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕು ಎಂಬ ದೂರು ಬಂದಾಗ, ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಷೆವ್ರೂಲ್ ಕಂಡುಕೊಂಡದ್ದೂ ಇದನ್ನೇ. ಬಣ್ಣ ಸರಿಯಿತ್ತು, ಮಂಕು ಮಾಡಿದ್ದು ಪಕ್ಕದ ನೂಲು. 1839ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ತಂದ.

ಶಿರಸಿ ಕಡೆ ತೋಟದ ಮನೆಗಳ ಜಗಲಿಯಲ್ಲಿ ಅಡಿಕೆ ಮರದ ಹಸಿರು ಬೆಳಕು ಗೋಡೆಗೆ ಬರುತ್ತದೆ. ಕರಾವಳಿಯಲ್ಲಿ ಅಂಗಳದ ಕೆಮ್ಮಣ್ಣು ಗೋಡೆಯ ಕೆಳಭಾಗವನ್ನು ಕೆಂಪಾಗಿಸುತ್ತದೆ. ಅದಕ್ಕೇ ಸ್ಯಾಂಪಲ್ಲನ್ನು ತೇಪೆಯ ಎತ್ತರದಲ್ಲೇ ಹಿಡಿಯುತ್ತೇನೆ. ಮೋಡದ ದಿನ ಬಹಳ ಒಳ್ಳೆಯದು. ಮುಸ್ಸಂಜೆಯಲ್ಲಿ ಮಾತ್ರ ಬಣ್ಣ ಕೂಡಿಸಬೇಡಿ. ಆಗ ಕೆಂಪು ಕಪ್ಪಿಡುತ್ತದೆ, ನೀಲಿ ಎದ್ದು ಕಾಣುತ್ತದೆ. ಒಂದು ಸಂಜೆ ದಾಸವಾಳದ ಹೂವು, ಎಲೆ ಎರಡನ್ನೂ ನೋಡುತ್ತ ಕೂತು ಖಾತ್ರಿ ಮಾಡಿಕೊಂಡೆ.

ಇಡೀ ಹಾಲಿಗೆ ಏಳೆಂಟು ಸಾವಿರ ಬೀಳುವಲ್ಲಿ ತೇಪೆಗೆ ಎರಡು ಸಾವಿರದೊಳಗೆ ಮುಗಿಸುತ್ತೇನೆ, ಅದರಲ್ಲಿ ಸಾಮಾನಿನ ಖರ್ಚು ಮುನ್ನೂರು ದಾಟುವುದಿಲ್ಲ. ಅಂಚು ಕರಗಿಸಲು ಏನು ಬೆರೆಸುತ್ತೇನೆಂದು ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಇಷ್ಟು ಹೇಳಬಲ್ಲೆ: ಗೋಡೆಗೆ ಮೊದಲು ರೋಲರ್ ಆಡಿದ್ದರೆ ತೇಪೆಗೂ ರೋಲರ್ರೇ ಬೇಕು. ಬ್ರಶ್ಶಿನ ಗೆರೆಗೆ ಬೆಳಕು ಬೇರೆ ಥರ ಬೀಳುತ್ತದೆ, ಬಣ್ಣ ಎಷ್ಟು ಕೂಡಿದ್ದರೂ ತೇಪೆ ಕಾಣುತ್ತದೆ.