ಕಾಲೇಜಿನಲ್ಲಿದ್ದಾಗ ಸ್ವಯಂಸೇವೆ: ಎಲ್ಲಿ ಸೇರಬೇಕು, ಹೇಗೆ ಉಳಿಯಬೇಕು, ಯಾವುದಕ್ಕೆ ಬೇಡ ಅನ್ನಬೇಕು

ಡಿಗ್ರಿಗೆ ಸೇರಿದ ಮೊದಲ ತಿಂಗಳು ಎಲ್ಲರೂ ಕರೆಯುವವರೇ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ), ಎನ್‌ಸಿಸಿ (ಸೈನ್ಯದ ಶಿಸ್ತಿನ ತರಬೇತಿ ಕೊಡುವ ವಿದ್ಯಾರ್ಥಿ ದಳ), ಯೂತ್ ರೆಡ್ ಕ್ರಾಸ್, ರೋವರ್ಸ್-ರೇಂಜರ್ಸ್, ಕನ್ನಡ ಸಂಘ, ಇಕೋ ಕ್ಲಬ್, ಸಾಲದ್ದಕ್ಕೆ ಹಾಸ್ಟೆಲ್ ಸೀನಿಯರ್ ಹೇಳಿದ ಯಾವುದೋ ಟ್ರಸ್ಟ್. ಹುರುಪಿನಲ್ಲಿ ಸಿಕ್ಕ ವಾಟ್ಸಾಪ್ ಗ್ರೂಪಿಗೆಲ್ಲ ಸೇರಿಕೊಳ್ಳುತ್ತೀರಿ, ಮೊದಲ ಇಂಟರ್ನಲ್ಸ್ ಬರುವ ಹೊತ್ತಿಗೆ ಎಲ್ಲವೂ ಮ್ಯೂಟ್. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ಒಳಗೆ ಒಂದು, ಹೊರಗೆ ಒಂದು, ಅಷ್ಟು ಸಾಕು. ಹಿಡಿದದ್ದಕ್ಕೆ ವರ್ಷವಿಡೀ ಹೋಗಿ. ಯಾವ ಸಂಸ್ಥೆಯವರನ್ನು ಬೇಕಾದರೂ ಕೇಳಿ ನೋಡಿ, ಮೊದಲ ದಿನ ಬರುವವರಿಗೆ ಅವರಲ್ಲಿ ಕೊರತೆ ಇಲ್ಲ. ಮುಂದಿನ ವಾರವೂ ಬರುವವರು ಬೇಕು ಅವರಿಗೆ.

ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ ಎನ್‌ಎಸ್‌ಎಸ್‌ಗೆ ಹೋಗಿ. ಸರ್ಕಾರಿ ಕಾಲೇಜಿರಲಿ, ಅನುದಾನಿತವಿರಲಿ, ಹೆಚ್ಚಿನ ಕಡೆ ಒಂದು ಘಟಕ ಇದ್ದೇ ಇರುತ್ತದೆ. ಗಾಂಧೀಜಿ ಜನ್ಮಶತಾಬ್ದಿ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಇದು. ಲೆಕ್ಕ ಸರಳ: ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ. ಇಷ್ಟಾದರೆ ಸರ್ಟಿಫಿಕೇಟ್. ಕೊನೆ ವರ್ಷದಲ್ಲಿ ನೆನಪಾಗಿ ಓಡಿ ಹೋದರೆ ಗಂಟೆ ತುಂಬುವುದಿಲ್ಲ, ಅದಕ್ಕೇ ಮೊದಲ ವರ್ಷವೇ ಹೆಸರು ಕೊಡಿ. ತಪ್ಪಿದರೆ ಎರಡನೇ ವರ್ಷದ ಶುರುವಿನಲ್ಲಾದರೂ.

ಒಂದು ಘಟಕಕ್ಕೆ ಸಾಮಾನ್ಯವಾಗಿ 100 ಜನ. ಅದನ್ನು ನೋಡಿಕೊಳ್ಳುವ ಕಾರ್ಯಕ್ರಮಾಧಿಕಾರಿ ನಿಮ್ಮ ಲೆಕ್ಚರರ್‌ಗಳಲ್ಲೇ ಒಬ್ಬರು, ಕರಾವಳಿ ಕಡೆ ಯೋಜನಾಧಿಕಾರಿ ಅನ್ನುತ್ತಾರೆ. ನೋಟಿಸ್ ಬರಲಿ ಅಂತ ಕಾಯುತ್ತಾ ಕೂರಬೇಡಿ. ಸ್ಟಾಫ್ ರೂಮಿಗೆ ಹೋಗಿ "ಸರ್, ಎನ್‌ಎಸ್‌ಎಸ್ ಸೇರಬೇಕು, ಫಾರಂ ಯಾವಾಗ ಕೊಡ್ತೀರಿ?" ಅಂತ ಕೇಳಿ. ಅಷ್ಟು ಸಾಕು. ಅವರು ಒಬ್ಬರೇ ಪಾಠ, ಪೇಪರ್ ವ್ಯಾಲ್ಯುಯೇಷನ್, ಯೂನಿವರ್ಸಿಟಿಗೆ ಕಳಿಸುವ ವರದಿ ಎಲ್ಲವನ್ನೂ ಎಳೆಯುತ್ತಿರುತ್ತಾರೆ. ಹಾಜರಿ ಪುಸ್ತಕ ಬರೆಯಲು, ಬಿಲ್ ಜೋಡಿಸಿ ಅಂಟಿಸಲು ಒಬ್ಬರು ಸಿಕ್ಕರೆ ಅವರಿಗೆ ದೊಡ್ಡ ಉಪಕಾರ. ಆ ಕೆಲಸ ಕೈಗೆತ್ತಿಕೊಂಡವರೇ ಮುಂದೆ ಘಟಕದ ನಾಯಕರಾಗುವುದು ಜಾಸ್ತಿ, ಯಾಕೆಂದರೆ ಯಾವ ಊರಿಗೆ ಯಾರನ್ನು ಕೇಳಬೇಕು, ಶಾಮಿಯಾನಕ್ಕೆ ಎಷ್ಟು ಕೊಟ್ಟಿದ್ದೆವು, ಹೋದ ವರ್ಷ ಗೋಷ್ಠಿಗೆ ಯಾರು ಬಂದಿದ್ದರು ಅನ್ನುವುದೆಲ್ಲ ಅವರಿಗೇ ಗೊತ್ತಿರುತ್ತದೆ.

ಈಗ ಶಿಬಿರ. ಯಾವುದೋ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ವಾಸ. ಬೆಂಚುಗಳನ್ನು ಗೋಡೆಗೆ ಪೇರಿಸಿ ನೆಲದ ಮೇಲೆ ಹಾಸಿಗೆ. ಬೆಳಗ್ಗೆ ಪ್ರಭಾತ್ ಫೇರಿ, ಧ್ವಜಾರೋಹಣ, ತಿಂಡಿ, ಆಮೇಲೆ ಮಧ್ಯಾಹ್ನದವರೆಗೆ ಶ್ರಮದಾನ. ಇಂಗುಗುಂಡಿ ತೋಡುವುದು, ಚರಂಡಿ ಸ್ವಚ್ಛ ಮಾಡುವುದು, ಶಾಲೆಯ ಕಾಂಪೌಂಡಿಗೆ ಬಣ್ಣ ಬಳಿಯುವುದು, ಹೂಳು ತುಂಬಿದ ಕಲ್ಯಾಣಿ ಇದ್ದರೆ ಅದು. ಊಟ ಆದ ಮೇಲೆ ಉಪನ್ಯಾಸ, ಅರ್ಧ ಜನಕ್ಕೆ ತೂಕಡಿಕೆ. ಸಂಜೆ ಊರಿನವರ ಎದುರು ಹಾಡು, ಕುಣಿತ, ನಾಟಕ. ಬಕೆಟ್, ಮಗ್, ಟಾರ್ಚ್, ತಟ್ಟೆ-ಲೋಟ, ಬೀಗ, ಹರಿದರೂ ಬೇಜಾರಿಲ್ಲದ ಎರಡು ಜೊತೆ ಬಟ್ಟೆ ತಗೊಂಡು ಹೋಗಿ. ಬಿಳಿ ಶೂ ಬೇಡ.

ತಂಡ ಹಂಚುವಾಗ ಎಲ್ಲರೂ ವೇದಿಕೆ ತಂಡಕ್ಕೆ ಕೈ ಎತ್ತುತ್ತಾರೆ. ನೀವು ಅಡುಗೆ ತಂಡಕ್ಕೆ ಎತ್ತಿ. ಐವತ್ತು ಜನರ ಉಪ್ಪಿಟ್ಟಿಗೆ ನಸುಕಿನಲ್ಲೇ ಈರುಳ್ಳಿ ಹೆಚ್ಚಬೇಕು, ಕಣ್ಣು ಉರಿ, ಸೌದೆ ಹಸಿ ಇದ್ದರೆ ಹೊಗೆ ಬೇರೆ. ಆದರೆ ಹಾಲು, ತರಕಾರಿ, ತೆಂಗಿನಕಾಯಿ ಅಂತ ಮನೆ ಮನೆಗೆ ಹೋಗುವವರು ನೀವೇ, ಆದ್ದರಿಂದ ಎರಡನೇ ದಿನಕ್ಕೇ ಊರು ನಿಮ್ಮನ್ನು ಗುರುತು ಹಿಡಿಯುತ್ತದೆ. ಶಾಲೆಯ ಬಿಸಿಯೂಟದ ಅಕ್ಕ ಒಬ್ಬರು ಬಂದು ಪಾತ್ರೆಯೊಳಗೆ ಒಮ್ಮೆ ಬಗ್ಗಿ ನೋಡಿ "ಇನ್ನೆರಡು ಚೊಂಬು ನೀರು ಹಾಕಪ್ಪ, ಗಂಟಾಗ್ತದೆ" ಅಂದರೆ ಹಾಕಿಬಿಡಿ, ವಾದ ಮಾಡಬೇಡಿ. ಮನೆ ಮನೆ ಸಮೀಕ್ಷೆಗೆ ಹೋಗುವ ದಿನ ಈ ಪರಿಚಯ ಕೆಲಸಕ್ಕೆ ಬರುತ್ತದೆ. ಬಾಗಿಲಲ್ಲಿ ನಿಂತು ಮೊದಲ ಪ್ರಶ್ನೆಯೇ "ನಿಮ್ಮ ಆದಾಯ ಎಷ್ಟು" ಅಂದರೆ ಯಾರು ತಾನೆ ಹೇಳುತ್ತಾರೆ? ಮಳೆ, ಬೆಳೆ, ನಲ್ಲಿ ನೀರು ಎಲ್ಲ ಕೇಳಿ ಮುಗಿಸಿ. ಆದಾಯ ಕೊನೆಗೆ ಕೇಳಿ. ಹೇಳದಿದ್ದರೆ ಕಾಲಂ ಖಾಲಿ ಬಿಡಿ.

ಎಂಜಿನಿಯರಿಂಗ್‌ನವರಿಗೆ ಇನ್ನೊಂದು ಲೆಕ್ಕ ಇದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ನಾಲ್ಕು ವರ್ಷಕ್ಕೆ 100 ಆ್ಯಕ್ಟಿವಿಟಿ ಪಾಯಿಂಟ್, ಅಂದರೆ ಸಮಾಜಸೇವೆಯಂಥ ಚಟುವಟಿಕೆಗೆ ಸಿಗುವ ಅಂಕ, ಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವ ಲ್ಯಾಟರಲ್ ಎಂಟ್ರಿಯವರಿಗೆ 75. ಇದನ್ನು ಹೇಗೆ ಮುಗಿಸುತ್ತಾರೆ ಅಂತ ನಿಮಗೂ ಗೊತ್ತು: ಒಂದು ಸಸಿ, ಅದನ್ನು ಹಿಡಿದ ಹನ್ನೆರಡು ಕೈ, ಒಂದು ಫೋಟೋ, ಒಂದು ವರದಿ. ಆ ಸಸಿಗೆ ಮಾರನೇ ದಿನ ನೀರು ಹಾಕುವವರು ಯಾರೂ ಇಲ್ಲ. ಹೇಗೂ ಗಂಟೆ ತೋರಿಸಲೇಬೇಕಲ್ವಾ, ಹತ್ತಿರದ ಸರ್ಕಾರಿ ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬ್ ಸರಿ ಮಾಡಿಕೊಡಿ. ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರ್ ಬಂದಿರುತ್ತದೆ, ಕೆಟ್ಟ ಯುಪಿಎಸ್ ಬದಲಾಯಿಸುವವರಿಲ್ಲದೆ ಬಟ್ಟೆ ಹೊದ್ದು ಕೂತಿರುತ್ತದೆ. ಹೆಡ್‌ಮಾಸ್ತರರನ್ನು ಕಂಡು, ಅವರು ಒಪ್ಪಿದ ಮೇಲೆ, ಪ್ರತಿ ಶನಿವಾರ ಬೆಳಗ್ಗೆ ಅಂತ ನಿಗದಿ ಮಾಡಿಕೊಳ್ಳಿ.

ಎನ್‌ಸಿಸಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬೇಕು ಅನ್ನುವವರಿಗೆ ಬೇಕು ಅಂತ ಮೊದಲೇ ಗೊತ್ತಿರುತ್ತದೆ. ಡಿಗ್ರಿಯಲ್ಲಿ ಬಿ, ಆಮೇಲೆ ಸಿ ಸರ್ಟಿಫಿಕೇಟ್. ಸಿ ಇದ್ದವರಿಗೆ ಸೈನ್ಯದಲ್ಲಿ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಇದೆ, ಅದಕ್ಕೆ ಲಿಖಿತ ಪರೀಕ್ಷೆ ಇಲ್ಲ, ಎಸ್‌ಎಸ್‌ಬಿ (ಸೈನ್ಯಾಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನ ಎದುರಿಸಬೇಕು. ಪರೇಡ್ ತಪ್ಪಿಸುವ ಸ್ವಭಾವ ಇದ್ದರೆ ಸೇರಬೇಡಿ, ಹಾಜರಿ ಸಾಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ.

ಕಾಲೇಜಿನ ಹೊರಗೆ ಒಂದೇ ಒಂದು ಕೆಲಸ ಆರಿಸು ಅಂದರೆ ನಾನು ಸ್ಕ್ರೈಬ್ ಕೆಲಸ ಅನ್ನುತ್ತೇನೆ. ಕಣ್ಣು ಕಾಣದವರು, ಕೈಯಲ್ಲಿ ಬರೆಯಲು ಆಗದವರು ಹೇಳಿದ ಉತ್ತರವನ್ನು ಪರೀಕ್ಷೆಯಲ್ಲಿ ಬರೆದುಕೊಡುವುದು. ದುಡ್ಡು ಬೇಡ, ಹಳೇ ಅನುಭವ ಬೇಡ, ಓದಲು ಬರುವ ಅಕ್ಷರ ಮತ್ತು ತಾಳ್ಮೆ ಬೇಕು. ಪರೀಕ್ಷೆ ಬರೆಯುವವರೇ ಸ್ಕ್ರೈಬ್ ಕರೆತರುವುದಾದರೆ, ಆ ಸ್ಕ್ರೈಬ್‌ನ ಓದು ಎಷ್ಟಿರಬೇಕು ಅನ್ನುವುದಕ್ಕೆ ನಿಯಮ ಇದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಅವರಿಗಿಂತ ಒಂದು ಹಂತ ಕಡಿಮೆ ಇರಬೇಕು ಅಂತ ಇತ್ತು, 2025ರಲ್ಲಿ ಹೊಸ ಮಾರ್ಗಸೂಚಿ ಬಂದಿದೆ. ಹಾಗಾಗಿ ನೀವು ಯಾವ ಪರೀಕ್ಷೆಗೆ ಹೊಂದುತ್ತೀರಿ ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ. ಒಂದೊಂದು ಪರೀಕ್ಷೆಗೆ ಒಂದೊಂದು ಫಾರಂ ಇರುತ್ತದೆ, ಹಾಲ್ ಟಿಕೆಟ್ ಜೊತೆ ಬಂದ ಸೂಚನೆಯನ್ನು ಇಬ್ಬರೂ ಕೂತು ಓದಿ. ಸಾಮಾನ್ಯವಾಗಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇದೆ. ಮೂರು ಗಂಟೆಯ ಪೇಪರ್ ಅಂದರೆ ನಾಲ್ಕು ಗಂಟೆ. ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ಕೂತ ಮೇಲೆ ಹೇಗೆ? ಮೊದಲು ಇಡೀ ಪ್ರಶ್ನೆಪತ್ರಿಕೆಯನ್ನು ಒಂದು ಸಲ ಓದಿ ಹೇಳಿ, ಎಷ್ಟು ಭಾಗ, ಯಾವುದಕ್ಕೆ ಎಷ್ಟು ಅಂಕ, ಎಷ್ಟರಲ್ಲಿ ಎಷ್ಟು ಬರೆಯಬೇಕು ಅಂತ. ಎಲ್ಲಿಂದ ಶುರು ಮಾಡಬೇಕು ಅನ್ನುವುದು ಅವರ ತೀರ್ಮಾನ. ಪ್ರಶ್ನೆಯನ್ನು ಎರಡು ಸಲ ಓದಿ, ಅಲ್ಪವಿರಾಮ, ಆವರಣ ಚಿಹ್ನೆ ಸಮೇತ. ಆಯ್ಕೆ ಪ್ರಶ್ನೆಯಾದರೆ ನಾಲ್ಕೂ ಆಯ್ಕೆಯನ್ನು ಒಂದೇ ದನಿಯಲ್ಲಿ ಓದಬೇಕು. ಸರಿ ಉತ್ತರದ ಹತ್ತಿರ ದನಿ ಸ್ವಲ್ಪ ಎಳೆದರೂ ಅದು ಹೇಳಿಕೊಟ್ಟ ಹಾಗೆ, ಇನ್ವಿಜಿಲೇಟರ್ ನೋಡುತ್ತಲೇ ಇರುತ್ತಾರೆ. ಅವರು ತಪ್ಪು ಹೇಳಿದರೆ ತಪ್ಪನ್ನೇ ಬರೆಯಿರಿ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳುವುದೇ ಈ ಕೆಲಸದ ಕಷ್ಟದ ಭಾಗ. ಅರ್ಧ ಗಂಟೆಗೊಮ್ಮೆ ಸಮಯ ಹೇಳಿ. ಪುಟ ಮುಗಿದಾಗ "ಪುಟ ಮುಗೀತು" ಅಂತ ಹೇಳಿ, ಎಷ್ಟು ಬರೆಸಿದ್ದೇವೆ ಅನ್ನುವ ಅಂದಾಜು ಅವರಿಗೆ ಸಿಗುವುದು ಅದರಿಂದಲೇ. ಸಾಧ್ಯವಾದರೆ ಪರೀಕ್ಷೆಗೆ ವಾರ ಮುಂಚೆ ಒಂದು ಹಳೇ ಪೇಪರ್ ಹಿಡಿದು ಇಬ್ಬರೂ ಕೂತು ನೋಡಿ. ಅವರ ವೇಗ, ನಿಮ್ಮ ವೇಗ ಹೊಂದಿಕೊಳ್ಳಲು ಅಷ್ಟು ಬೇಕೇ ಬೇಕು. ಎಲ್ಲಕ್ಕಿಂತ ಮುಖ್ಯ, ಒಪ್ಪಿಕೊಂಡ ಮೇಲೆ ಕೈ ಕೊಡಬೇಡಿ. ನೀವು ಹಿಂದಿನ ರಾತ್ರಿ ಹುಷಾರಿಲ್ಲ ಅಂತ ಮೆಸೇಜ್ ಹಾಕಿದರೆ ಅವರ ಒಂದು ವರ್ಷ ಹೋಗಬಹುದು.

ಹೊರಗೆ ಹೋಗಲು ಆಗದವರು, ಮನೆಯಲ್ಲಿ ಸಂಜೆ ಮೇಲೆ ಬಿಡದವರು ಕೂತಲ್ಲೇ ಮಾಡಬಹುದಾದದ್ದೂ ಇದೆ. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಅಂಧರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುತ್ತವೆ, ಕನ್ನಡ ಸ್ಪಷ್ಟವಾಗಿ ಓದುವವರು ಬೇಕಾಗುತ್ತಾರೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಬರೆಯಬಹುದು. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು ಇದನ್ನು ಮಾಡಿದ್ದಾರೆ. ನಿಮ್ಮ ತಾಲ್ಲೂಕಿನ ಕೆರೆ, ದೇವಸ್ಥಾನ, ಶಾಸನದ ಬಗ್ಗೆ ಲೇಖನ ಇದೆಯಾ ಹುಡುಕಿ ನೋಡಿ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ಅಲ್ಲಿ ಬರುವುದು ಬರೀ ಕಸ, ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಲೇಖನ ಬರೆಯಲು ಭಯವಾದರೆ ವಿಕಿಸೋರ್ಸ್‌ನಲ್ಲಿ ಹಳೇ ಪುಸ್ತಕದ ಪುಟ ನೋಡಿ ಅಕ್ಷರ ತಿದ್ದುವ ಕೆಲಸ ಹಿಡಿಯಿರಿ, ಬಸ್ಸಿಗೆ ಕಾಯುವಾಗಲೂ ಆಗುತ್ತದೆ.

ಫೆಬ್ರವರಿಯಲ್ಲಿ ನಾಲ್ಕು ದಿನ ಕ್ಯಾಂಪಸ್ ಹಕ್ಕಿ ಎಣಿಕೆ ನಡೆಯುತ್ತದೆ. ಕನಿಷ್ಠ 15 ನಿಮಿಷ ಒಂದು ಜಾಗದಲ್ಲಿ ಕಂಡ ಹಕ್ಕಿಗಳನ್ನು ಎಣಿಸಿ ಇ-ಬರ್ಡ್‌ಗೆ (ಹಕ್ಕಿಗಳ ಲೆಕ್ಕ ದಾಖಲಿಸುವ ಆನ್‌ಲೈನ್ ತಾಣ) ಹಾಕಿದರೆ ಆಯಿತು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯವರು ಪುಣ್ಯವಂತರು, ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, ಹೆಜ್ಜಾರ್ಲೆಗಳು ಬರುತ್ತವೆ. ಉಳಿದವರಿಗೆ ಕಾಗೆ, ಗೊರವಂಕ, ಪಿಕಳಾರ ಸಾಕು. ರಕ್ತದಾನ ಶಿಬಿರಕ್ಕೆ ನಿಲ್ಲುವವರು ಇಷ್ಟು ನೆನಪಿಡಿ: ವಯಸ್ಸು 18 ತುಂಬಿರಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5. ಒಮ್ಮೆ ಕೊಟ್ಟ ಮೇಲೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ. ತಿಂಡಿ ತಿಂದು ಹೋಗಿ.

ಕಾಲೇಜಿನ ಸಂಘಗಳನ್ನು ಹಗುರವಾಗಿ ಕಾಣಬೇಡಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದಲೇ ಎ.ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಹೊರಡಿಸಿದ್ದು. ನಿಮ್ಮ ಕನ್ನಡ ಸಂಘ ನವೆಂಬರ್‌ನಲ್ಲಿ ಬಾವುಟ ಹಾರಿಸಿ ಮಲಗುತ್ತಿದ್ದರೆ ಒಂದು ಕೆಲಸ ಹೇಳುತ್ತೇನೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೊರ ರಾಜ್ಯದವರಿಗೆ 'ಬಳಕೆ ಕನ್ನಡ' ಅಂತ ಒಂದು ವಿಷಯ ಇರುತ್ತದೆ, ಪರೀಕ್ಷೆ ಪಾಸಾದರೂ ಆಟೋದವರ ಹತ್ತಿರ ಮಾತಾಡಲು ಬಾಯಿ ಬರುವುದಿಲ್ಲ. ವಾರಕ್ಕೊಂದು ಸಂಜೆ ಕ್ಯಾಂಟೀನಿನಲ್ಲಿ ಕೂತು ಅವರ ಜೊತೆ ಬರೀ ಕನ್ನಡದಲ್ಲಿ ಹರಟೆ ಹೊಡೆಯಿರಿ. ವ್ಯಾಕರಣ ಬೇಡ. ಅವರು ತಪ್ಪು ಮಾತಾಡಿದರೆ ನಗಬೇಡಿ, ಥಟ್ಟನೆ ಇಂಗ್ಲಿಷಿಗೆ ಹಾರಲೂಬೇಡಿ. ನಮ್ಮವರ ದೊಡ್ಡ ರೋಗ ಅದೇ.

ಇನ್ನು ಬೇಡ ಅನ್ನಬೇಕಾದವು. ಸ್ವಯಂಸೇವಕರಾಗಲು ನೋಂದಣಿ ಶುಲ್ಕ, ಡೆಪಾಸಿಟ್ ಕೇಳಿದರೆ ಎದ್ದು ಬನ್ನಿ. ಇಂಟರ್ನ್‌ಶಿಪ್ ಅಂತ ಕರೆದು ನಿಮ್ಮ ನೆಂಟರು, ಸ್ನೇಹಿತರ ಹತ್ತಿರ ಇಷ್ಟು ದುಡ್ಡು ಎತ್ತಿಕೊಟ್ಟರೆ ಸರ್ಟಿಫಿಕೇಟ್ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಅದು ಸ್ವಯಂಸೇವೆ ಅಲ್ಲ, ಸಂಬಳ ಇಲ್ಲದ ವಸೂಲಿ ಕೆಲಸ. ಆಶ್ರಮಕ್ಕೆ ಹೋಗಿ ಮಕ್ಕಳಿಗೆ ಕೇಕ್ ತಿನ್ನಿಸಿ ಫೋಟೋ ಹಾಕುವುದನ್ನೂ ಬಿಡಿ. ಪಾಲನಾ ಸಂಸ್ಥೆಯಲ್ಲಿರುವ ಮಕ್ಕಳ ಗುರುತು ಬಯಲಾಗುವಂತೆ ಪ್ರಕಟಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ತಪ್ಪು. ಹುಟ್ಟುಹಬ್ಬದ ದಿನ ಹೋಗಿ ಬರುವ ಬದಲು, ವಾರಕ್ಕೊಂದು ದಿನ ಗಣಿತ ಹೇಳಿಕೊಡ್ತೀನಿ ಅಂತ ಕೇಳಿ. ಅವರು ನಿಮ್ಮ ಆಧಾರ್, ಕಾಲೇಜು ಐಡಿ, ಪ್ರಿನ್ಸಿಪಾಲರ ಪತ್ರ ಎಲ್ಲ ಕೇಳಿದರೆ ಸಿಟ್ಟಾಗಬೇಡಿ. ಕೇಳುವ ಜಾಗವೇ ಒಳ್ಳೆಯದು.

ಕೊನೆಗೆ ಕಾಗದಪತ್ರ. ಶಿಬಿರಕ್ಕೋ ಯುವಜನೋತ್ಸವಕ್ಕೋ ಹೋಗುವ ಮುಂಚೆಯೇ ಆನ್ ಡ್ಯೂಟಿ ಲೆಟರ್ ಮಾಡಿಸಿ ಪ್ರತಿ ಲೆಕ್ಚರರ್‌ಗೂ ತೋರಿಸಿ, ಬಂದ ಮೇಲೆ ಓಡಾಡಿದರೆ ಅಟೆಂಡೆನ್ಸ್ ಸಿಗುವುದು ಕಷ್ಟ. ಎನ್‌ಎಸ್‌ಎಸ್ ಡೈರಿಯನ್ನು ಅವತ್ತವತ್ತೇ ಬರೆದು ಸಹಿ ಹಾಕಿಸಿಕೊಳ್ಳಿ. ಕೇಂದ್ರ ಸರ್ಕಾರ 2023ರ ಅಕ್ಟೋಬರ್ 31ರಂದು ಶುರು ಮಾಡಿದ ಮೈ ಭಾರತ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡರೆ ಸುತ್ತಮುತ್ತ ನಡೆಯುವ ಕಾರ್ಯಕ್ರಮಗಳೂ ಸಿಗುತ್ತವೆ. ಅಲ್ಲಿ ಹೆಸರು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆಯೇ ಹಾಕಿ, ಇನಿಷಿಯಲ್ ಸಮೇತ. ಕಾರ್ಯಕ್ರಮಾಧಿಕಾರಿಗೆ ವರ್ಗಾವಣೆ ಆದರೆ ಹಳೇ ದಾಖಲೆ ಹುಡುಕುವುದು ದೊಡ್ಡ ತಲೆನೋವು, ಆದ್ದರಿಂದ ಡೈರಿಯ ಜೆರಾಕ್ಸ್ ಒಂದು ಮನೆಯಲ್ಲಿರಲಿ. ಕೊನೆ ಸೆಮಿಸ್ಟರ್ ಮುಗಿದ ಮೇಲೆ ಟಿಸಿ ತಗೊಳ್ಳಲು ಹೋದ ದಿನವೇ ಎನ್‌ಎಸ್‌ಎಸ್ ಸರ್ಟಿಫಿಕೇಟ್ ಬಂದಿದೆಯಾ ಕೇಳಿ. ಬಂದಿಲ್ಲದಿದ್ದರೆ ಯೂನಿವರ್ಸಿಟಿಗೆ ಪಟ್ಟಿ ಯಾವ ತಾರೀಖಿಗೆ ಹೋಗಿದೆ ಅನ್ನುವುದನ್ನು ಬರೆದುಕೊಂಡು ಬನ್ನಿ.