ತೂಕ ಕೇಳದ ಜೋಡಿ: ಬೇರಿಯಾಟ್ರಿಕ್ ಆಪರೇಷನ್ ಆದವರ ಗುಂಪನ್ನು ನಾನು ಕಟ್ಟಿದ ಬಗೆ

ಮೈಸೂರಿನ ನಮ್ಮ ಗುಂಪಿನಲ್ಲಿ ಈಗ 34 ಮಂದಿ ಇದ್ದೇವೆ. ಎಲ್ಲರೂ ತೂಕ ಇಳಿಸಲು ಬೇರಿಯಾಟ್ರಿಕ್ ಆಪರೇಷನ್, ಅಂದರೆ ಸ್ಲೀವ್ (ಜಠರದ ಬಹುಭಾಗ ಕತ್ತರಿಸಿ ತೆಗೆಯುವುದು) ಅಥವಾ ಬೈಪಾಸ್ (ಜಠರವನ್ನು ಪುಟ್ಟದಾಗಿಸಿ ಕರುಳಿಗೆ ಬೇರೆ ದಾರಿಯಲ್ಲಿ ಜೋಡಿಸುವುದು) ಮಾಡಿಸಿಕೊಂಡವರು. ಆಪರೇಷನ್ ಆಗಿ ಎರಡು ವರ್ಷ ದಾಟಿದವರು ಸುಮಾರು 20 ಮಂದಿ. ಅವರಲ್ಲಿ 16 ಮಂದಿ ಇಳಿದ ತೂಕದ ಬಹುಪಾಲನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ನನ್ನಂಥ ಬ್ಲೌಸ್ ಹೊಲಿಯುವವಳು ನಡೆಸುವ ಗುಂಪಿನಿಂದ ರೋಗಿಗಳಿಗೆ ತಪ್ಪು ಸಲಹೆ ಸಿಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ ಎಂದು ಮೊದಲು ಹೇಳಿದ್ದ ಆಹಾರತಜ್ಞೆಯೊಬ್ಬರು ಈಗ ಹೊಸಬರಿಗೆ ತಾವೇ ನನ್ನ ಅಂಗಡಿಯ ದಾರಿ ಹೇಳಿ ಕಳುಹಿಸುತ್ತಾರೆ. ಬೇರೆ ಊರುಗಳಲ್ಲಿ ಇಂಥ ಗುಂಪು ಕಟ್ಟಲು ಹೊರಟು ಮೂರ್ನಾಲ್ಕು ತಿಂಗಳಿಗೇ ಕೈಬಿಟ್ಟವರು ಹಲವರಿರುವುದರಿಂದ, ನಾನು ಎಲ್ಲೆಲ್ಲಿ ಎಡವಿದೆ, ಎಷ್ಟು ಹಣ ಕಳೆದೆ, ಕೊನೆಗೆ ಯಾವುದು ಕೈಹಿಡಿಯಿತು ಎಂಬುದನ್ನು ನೆನಪಿದ್ದಷ್ಟು ಬರೆಯುತ್ತಿದ್ದೇನೆ.

ನನಗೆ ಸ್ಲೀವ್ ಆದದ್ದು 2018ರ ಜುಲೈನಲ್ಲಿ. ಆಗ ನನ್ನ ತೂಕ 118 ಕಿಲೋ. ಈಗ 73ರ ಆಸುಪಾಸಿನಲ್ಲಿದ್ದೇನೆ. ಆಪರೇಷನ್ನಿಗೆ 3 ಲಕ್ಷ 20 ಸಾವಿರದಷ್ಟು ಖರ್ಚಾಯಿತು. ಅದರಲ್ಲಿ ಅರ್ಧ ಚೀಟಿ ಎತ್ತಿದ ಹಣ, ಇನ್ನರ್ಧ ಒಡವೆ ಅಡವಿಟ್ಟು ತಂದ ಸಾಲ. ಅಕ್ಕಪಕ್ಕದವರಿಗೆ ಹರ್ನಿಯಾ ಎಂದು ಹೇಳಿದ್ದೆವು. ನಮ್ಮಲ್ಲಿ ಬಹುತೇಕರು ಹೇಳುವ ಸುಳ್ಳು ಇದೇ. ಈ ಸುಳ್ಳಿನ ಬೆಲೆ ಗೊತ್ತಾದದ್ದು ಹತ್ತೊಂಬತ್ತನೆಯ ದಿನ, ತೂಕದ ಯಂತ್ರದ ಮುಳ್ಳು ಒಂದೇ ಕಡೆ ನಿಂತುಬಿಟ್ಟಾಗ. ದಿನಕ್ಕೆ ಎರಡು ಲೋಟ ಬೇಳೆಕಟ್ಟು ಮತ್ತು ನೀರು ಮಜ್ಜಿಗೆ ಬಿಟ್ಟರೆ ಏನೂ ಒಳಗೆ ಹೋಗದಿದ್ದರೂ ಹನ್ನೊಂದು ದಿನ ತೂಕ ನೂರು ಗ್ರಾಂ ಕೂಡ ಇಳಿಯಲಿಲ್ಲ. ಮೂರನೆಯ ವಾರದಲ್ಲಿ ಇದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ ಎಂದು ಹೇಳುವ ಒಬ್ಬರೂ ನನ್ನ ಹತ್ತಿರ ಇರಲಿಲ್ಲ. ಒಡವೆಯೂ ಹೋಯಿತು, ಹೊಟ್ಟೆಯೂ ಹೋಯಿತು, ಆಪರೇಷನ್ ಕೆಟ್ಟಿತು ಎಂದು ರಾತ್ರಿ ಅಡುಗೆಮನೆಯಲ್ಲಿ ಕುಳಿತು ಅತ್ತದ್ದು ನೆನಪಿದೆ. ಗುಂಪಿನ ಯೋಚನೆ ಹುಟ್ಟಿದ್ದು ಅಲ್ಲಿ.

2019ರ ಆರಂಭದಲ್ಲಿ, ತಪಾಸಣೆಗೆ ಬರುತ್ತಿದ್ದಾಗ ಪರಿಚಯವಾದ ಹದಿನಾಲ್ಕು ಮಂದಿಯನ್ನು ಸೇರಿಸಿ ವಾಟ್ಸಾಪ್ ಗುಂಪು ಮಾಡಿದೆ. ಪ್ರತಿದಿನ ಬೆಳಿಗ್ಗೆ ತೂಕದ ಯಂತ್ರದ ಫೋಟೋ ಹಾಕಬೇಕೆಂಬುದು ನಿಯಮ. ಎರಡು ವಾರ ಹಬ್ಬದಂತಿತ್ತು. ಆಮೇಲೆ ತೂಕ ನಿಂತವರು ಫೋಟೋ ಹಾಕುವುದನ್ನು ನಿಲ್ಲಿಸಿದರು, ಬೇಗ ಇಳಿಯುತ್ತಿದ್ದ ನಾಲ್ವರು ಮಾತ್ರ ಉಳಿದರು, ಉಳಿದವರೆಲ್ಲ ಅವರಿಗೆ ಚಪ್ಪಾಳೆಯ ಗುರುತು ಒತ್ತಿ ಸುಮ್ಮನಾದರು. ಬೈಪಾಸ್ ಆದವರ ಇಳಿಕೆಯನ್ನು ಸ್ಲೀವ್ ಆದವರ ಜೊತೆ, 150 ಕಿಲೋದಿಂದ ಹೊರಟವರನ್ನು 96 ಕಿಲೋದಿಂದ ಹೊರಟವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ನನ್ನ ತಪ್ಪು. ನಾಲ್ಕು ತಿಂಗಳಲ್ಲಿ ಗುಂಪು ಶುಭೋದಯದ ಚಿತ್ರಗಳಿಗೆ ಮೀಸಲಾಯಿತು.

ಎದುರಾಬದುರು ಕುಳಿತರೆ ಸರಿಹೋಗುತ್ತದೆ ಎಂದುಕೊಂಡು ತಿಂಗಳಿಗೊಮ್ಮೆ ಸಣ್ಣ ಸಭಾಂಗಣ ಹಿಡಿದೆವು. ಬಾಡಿಗೆ 1,500, ಕುರ್ಚಿ ಮತ್ತು ಮೈಕ್ 600, ಮಾತನಾಡಲು ಬಂದವರಿಗೆ ಹಾರ, ಶಾಲು, ಹಣ್ಣು. ಆರು ಸಭೆಗಳಿಗೆ ನನ್ನ ಕೈಯಿಂದಲೇ 14-15 ಸಾವಿರ ಹೋಗಿರಬೇಕು. ವೇದಿಕೆಯ ಮೇಲೆ ಐವತ್ತು ಅರವತ್ತು ಕಿಲೋ ಇಳಿಸಿದವರು ನಿಂತು ಮಾತನಾಡುತ್ತಿದ್ದರು. ಕೇಳುತ್ತಿದ್ದವರು ಮನೆಗೆ ಹೋಗಿ ಇನ್ನಷ್ಟು ಕುಗ್ಗುತ್ತಿದ್ದರು. ಆಪರೇಷನ್ ಆಗಿ ಇಪ್ಪತ್ತು ದಿನವಾದವಳಿಗೆ ಮೂರು ವರ್ಷದ ಹಿಂದೆ ಗೆದ್ದವರ ಕಥೆ ಬೇರೆ ಲೋಕದ್ದೆಂದು ತೋರುತ್ತದೆ. ಗೆದ್ದವರಿಗೂ ಮೂರನೆಯ ವಾರದ ಸಂಕಟ ಮರೆತುಹೋಗಿರುತ್ತದೆ. ಕೇಳಿದರೆ "ಎಲ್ಲ ಸರಿಹೋಗುತ್ತೆ, ಧೈರ್ಯವಾಗಿರಿ" ಎನ್ನುತ್ತಾರೆ.

ಹುರುಪು ತುಂಬಲೆಂದು ಒಮ್ಮೆ, ತಿಂಗಳಲ್ಲಿ ಹೆಚ್ಚು ಇಳಿಸಿದವರಿಗೆ ಬೆಳ್ಳಿ ನಾಣ್ಯ ಇಟ್ಟೆವು. ಸ್ಪರ್ಧೆಯ ಕೊನೆಯ ವಾರ ಒಬ್ಬರು ನೀರನ್ನೂ ಬಿಟ್ಟು, ತಲೆಸುತ್ತಿ ಬಿದ್ದು, ಎರಡು ದಿನ ಡ್ರಿಪ್ ಹಾಕಿಸಿಕೊಂಡರು. ನಾಣ್ಯವನ್ನು ಯಾರಿಗೂ ಕೊಡಲಿಲ್ಲ. ಈಗಲೂ ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು ನಡೆದದ್ದು ಯಾರೂ ತಪ್ಪು ಮಾಡುತ್ತಿದ್ದೇವೆಂದು ತಿಳಿಯದ ಹೊತ್ತಿನಲ್ಲಿ. ನಂಜನಗೂಡಿನಿಂದ ಬರುತ್ತಿದ್ದ ಶಿಕ್ಷಕಿಯೊಬ್ಬರಿಗೆ ಸ್ಲೀವ್ ಆಗಿ ಐದನೆಯ ವಾರದಲ್ಲಿ ವಾಂತಿ ಶುರುವಾಯಿತು. ಗುಂಪಿನಲ್ಲಿ ಕೇಳಿದರು. ನಾನೂ ಸೇರಿದಂತೆ ಆರೇಳು ಮಂದಿ, ನಮಗೂ ಆಗಿತ್ತು, ಗಬಗಬನೆ ನುಂಗಿದರೆ ಹಾಗೇ, ನಿಧಾನವಾಗಿ ಅಗಿಯಿರಿ ಎಂದು ಪ್ರೀತಿಯಿಂದಲೇ ಸಮಾಧಾನ ಹೇಳಿದೆವು. ಒಂಬತ್ತು ದಿನ ಹಾಗೆಯೇ ಕಳೆಯಿತು. ಹತ್ತನೆಯ ದಿನ ಪಾದಗಳು ಜೋಮು ಹಿಡಿದು, ನಡೆಯುವಾಗ ಜೋಲಿ ಹೊಡೆಯತೊಡಗಿದ ಮೇಲೆ ಮನೆಯವರು ಆಸ್ಪತ್ರೆಗೆ ಕರೆದೊಯ್ದರು. ಬಿಡದೆ ವಾಂತಿಯಾದರೆ ಬಿ1 ಜೀವಸತ್ವ ಕೆಲವೇ ವಾರಗಳಲ್ಲಿ ಬರಿದಾಗುತ್ತದೆ, ತಡಮಾಡಿದರೆ ನರಗಳಿಗೆ ಶಾಶ್ವತ ಹಾನಿಯಾಗಬಹುದು ಎಂದು ಅಲ್ಲಿ ತಿಳಿಯಿತು. ಅವರು ಸರಿಯಾಗಿ ನಡೆಯಲು ಐದು ತಿಂಗಳು ಹಿಡಿಯಿತು. ಅಂದಿನಿಂದ ನಮ್ಮಲ್ಲಿ ಕಲ್ಲಿನಲ್ಲಿ ಕೆತ್ತಿದಂಥ ಒಂದು ನಿಯಮವಿದೆ: ವಾಂತಿ ಒಂದು ದಿನ ದಾಟಿದರೆ, ಜ್ವರ ಬಂದರೆ, ಎದೆಬಡಿತ ಏರಿದರೆ, ಕೈಕಾಲು ಜೋಮು ಹಿಡಿದರೆ, ಸಮಾಧಾನದ ಮಾತು ಆಡಕೂಡದು, ಆಸ್ಪತ್ರೆಗೆ ಹೊರಡಿಸಬೇಕು, ಸಾಧ್ಯವಿದ್ದರೆ ಜೊತೆಗೆ ಹೋಗಬೇಕು.

ಕೊನೆಗೆ ಕೈಹಿಡಿದ ಕ್ರಮವನ್ನು ನಾನು ಯೋಚಿಸಿ ಮಾಡಿದ್ದಲ್ಲ, ಕಂಡುಕೊಂಡದ್ದು. 2020ರ ಲಾಕ್‌ಡೌನ್‌ನಲ್ಲಿ ಸಭೆಗಳು ನಿಂತವು. ಬೇಸಿಗೆ ಕಳೆದು ವಿಚಾರಿಸಿದಾಗ ಹೆಚ್ಚಿನವರು ನಾಲ್ಕೈದು ಕಿಲೋ ಏರಿದ್ದರು. ಇಬ್ಬರು ಹೆಂಗಸರು ಮಾತ್ರ ಇಳಿಯುತ್ತಲೇ ಇದ್ದರು. ಏನು ಮಾಡಿದಿರಿ ಎಂದು ಕೇಳಿದರೆ, ದಿನವೂ ರಾತ್ರಿ ಎಂಟು ಗಂಟೆಗೆ ಒಬ್ಬರಿಗೊಬ್ಬರು ಫೋನ್ ಮಾಡುತ್ತಿದ್ದೆವು, ಅಷ್ಟೇ ಎಂದರು. ಒಬ್ಬರಿಗೆ ಆಪರೇಷನ್ ಆಗಿ ಮೂರು ತಿಂಗಳು, ಇನ್ನೊಬ್ಬರಿಗೆ ಎಂಟು ತಿಂಗಳಾಗಿತ್ತು. ಮೂರು ತಿಂಗಳಿನವರಿಗೆ ಆಪರೇಷನ್ನಿನ ಪರಿಣಾಮವಾಗಿ ಕೂದಲು ಉದುರಿ ಬಾಚಣಿಗೆ ತುಂಬ ಬರುತ್ತಿದ್ದ ವೇಳೆಗೆ, ಎಂಟು ತಿಂಗಳಿನವರ ಹಣೆಯಂಚಿನಲ್ಲಿ ಬೆರಳುದ್ದದ ಹೊಸ ಕೂದಲು ಎದ್ದು ನಿಂತಿತ್ತು. ವಿಡಿಯೋ ಕರೆಯಲ್ಲಿ ಅದನ್ನು ತೋರಿಸಿದ ಮೇಲೆ ಇವರ ಅಳು ನಿಂತಿತಂತೆ. ವೇದಿಕೆಯ ಆರು ಭಾಷಣಗಳಿಂದ ಆಗದ ಕೆಲಸ ಅದು.

ಆಮೇಲೆ ನಾನು ಎಲ್ಲರನ್ನೂ ಜೋಡಿ ಮಾಡಿದೆ. ಹೊಸಬರಿಗೆ ಜೊತೆಯಾಗುವವರು ನಾಲ್ಕರಿಂದ ಆರು ತಿಂಗಳಷ್ಟೇ ಮುಂದಿರಬೇಕು, ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಇಳಿಸಿದವರಾಗಿರಬಾರದು. ಫೋನ್ ಏಳೆಂಟು ನಿಮಿಷಕ್ಕಿಂತ ಉದ್ದವಾಗಬಾರದು. ತೂಕ ಕೇಳಕೂಡದು. ಕೇಳಬೇಕಾದ ಪ್ರಶ್ನೆಗಳು ನಾಲ್ಕು: ನೀರು ಎಷ್ಟಾಯಿತು, ಪ್ರೋಟೀನ್ ಎಷ್ಟಾಯಿತು, ಮಾತ್ರೆ ನುಂಗಿದಿರಾ, ಇವತ್ತು ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಿತೇ. ಈ ನಾಲ್ಕನೆಯ ಪ್ರಶ್ನೆಯೇ ಮಿಕ್ಕ ಮಾತಿನ ಬಾಗಿಲು. ಚಪಾತಿ ಸಿಕ್ಕಿಕೊಂಡಿತು ಎನ್ನುವವರು ಮುಂದಿನ ವಾಕ್ಯದಲ್ಲಿ, ಅತ್ತೆಯ ಎದುರು ಬೇಗ ಊಟ ಮುಗಿಸಬೇಕಾಯಿತು ಎನ್ನುತ್ತಾರೆ. ಅದರ ಮುಂದಿನದು ಮನಸ್ಸಿನೊಳಗಿನ ಮಾತು. ಹೊಗಳಿಕೆಯನ್ನು ನಾನು ಬಹುಮಟ್ಟಿಗೆ ನಿಲ್ಲಿಸಿದ್ದೇನೆ. "ಸೂಪರ್ ಆಗಿ ಕಾಣ್ತಿದ್ದೀರಾ" ಎಂಬ ಮಾತು ಕೇಳಿದವರು, ಮುಂದಿನ ವಾರ ಏರಿದರೆ ಫೋನ್ ಎತ್ತುವುದಿಲ್ಲ. "ನಿನ್ನೆ ಒಂದೂವರೆ ಲೀಟರ್ ಕುಡಿದಿದ್ರಿ, ಇವತ್ತು?" ಎಂದು ಕೇಳಿಸಿಕೊಂಡವರು ಎತ್ತುತ್ತಾರೆ.

ತೂಕದ ಬದಲು ಟೇಪು ಬಂದದ್ದು ನನ್ನ ಕಸುಬಿನಿಂದ. ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ತಿಂಗಳ ಮೊದಲ ಭಾನುವಾರ ಅಂಗಡಿಯ ಪರದೆಯ ಹಿಂದೆ ಐದು ಅಳತೆ ತೆಗೆದು, ಗಿರಾಕಿಗಳ ಅಳತೆ ಪುಸ್ತಕದಂಥದೇ ಒಂದು ಪುಸ್ತಕದಲ್ಲಿ ಬರೆಯುತ್ತೇನೆ: ಕತ್ತು, ತೋಳು, ಎದೆ, ಸೊಂಟ, ಸೀಟು (ಪೃಷ್ಠದ ಸುತ್ತಳತೆ). ಸೊಂಟಕ್ಕಾದರೆ ಟೇಪಿನ ಲೋಹದ ತುದಿಯನ್ನು ಹೊಕ್ಕುಳಿನ ಮೇಲಿಟ್ಟು, ಸುತ್ತಿ ತಂದು, ಪೂರ್ತಿ ಉಸಿರು ಬಿಟ್ಟ ಮೇಲೆ ಓದಬೇಕು. ಉಸಿರು ಬಿಗಿಹಿಡಿದಾಗ ಓದಿದರೆ ಒಂದೂವರೆ ಇಂಚಿನಷ್ಟು ಸುಳ್ಳು ಬರುತ್ತದೆ. ಮೊದಲ ಸಲ ಬಂದವರಲ್ಲಿ ಕೆಲವರಿಗೆ 60 ಇಂಚಿನ ಟೇಪು ಸಾಲುವುದಿಲ್ಲ. ಅವರಿಗಾಗಿ ಎರಡು ಟೇಪು ಸೇರಿಸಿ ಹೊಲಿದು ಇಟ್ಟುಕೊಂಡಿದ್ದೇನೆ. ಕೈಯಲ್ಲಿ ಗಿಡ್ಡ ಟೇಪು ಹಿಡಿದು, ಸಾಲದೆಂದು ಹೇಳಿ ಇನ್ನೊಂದನ್ನು ಹುಡುಕುವ ಆ ಅರ್ಧ ನಿಮಿಷ ಅವರ ಪಾಲಿಗೆ ಎಷ್ಟು ದೊಡ್ಡದೆಂದು ನನಗೆ ಗೊತ್ತು. ತೂಕ ನಿಂತ ವಾರಗಳಲ್ಲೂ ತೋಳಿನಲ್ಲಿ ಅರ್ಧ ಇಂಚು, ಕತ್ತಿನಲ್ಲಿ ಕಾಲು ಇಂಚು ಇಳಿದಿರುವುದು ಎಷ್ಟೋ ಸಲ ಕಂಡಿದೆ. ಆ ಪುಟವನ್ನು ಅವರ ಕೈಗೆ ಕೊಟ್ಟು ಅವರಿಂದಲೇ ಓದಿಸುತ್ತೇನೆ.

ಪ್ರೋಟೀನಿನ ವಿಷಯದಲ್ಲಿ ನಾವು ಮಾಡಿದ ಪ್ರಯೋಗಗಳನ್ನೂ ಹೇಳಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಎಂದು ಎಲ್ಲರಿಗೂ ಹೇಳಿರುತ್ತಾರೆ, ಒಂದು ಕಿಲೋ ವೇ (ಹಾಲಿನಿಂದ ತೆಗೆದ ಪ್ರೋಟೀನ್) ಪುಡಿಗೆ ಆಗ 2,500ರಿಂದ 3,000 ರೂಪಾಯಿ ಕೊಡಬೇಕಾಗುತ್ತಿತ್ತು, ಹತ್ತನೆಯ ದಿನ ಅದರ ವಾಸನೆಗೇ ಹೊಟ್ಟೆ ತೊಳಸುತ್ತದೆ. ಮೂರು ಬೇರೆ ಬೇರೆ ರುಚಿಯ ಡಬ್ಬಗಳನ್ನು ಆರು ಮಂದಿ ಸೇರಿ ಕೊಂಡು ಹಂಚಿಕೊಂಡಾಗ, ದಂಡವಾಗುವುದು ನಿಂತಿತು. ಹುರಿಗಡಲೆ ಹಿಟ್ಟನ್ನು ಮಜ್ಜಿಗೆಗೆ ಕದಡಿ ನೋಡಿದೆವು. ನೂರು ಗ್ರಾಂಗೆ ಇಪ್ಪತ್ತು ಗ್ರಾಂನಷ್ಟು ಪ್ರೋಟೀನ್ ಇದ್ದರೂ ನಮ್ಮ ಹೊಟ್ಟೆಗೆ ಒಮ್ಮೆಗೆ ಹಿಡಿಸುವುದು ಎರಡು ಚಮಚ, ಅಷ್ಟರಿಂದ ಲೆಕ್ಕ ತುಂಬುವುದಿಲ್ಲ, ಮೇಲಾಗಿ ಹೊಟ್ಟೆ ಉಬ್ಬರಿಸುತ್ತದೆ. ರಾಗಿ ಅಂಬಲಿ ಗಂಟಲಿಗೆ ಹಿತ, ಪ್ರೋಟೀನಿಗೆ ಅದನ್ನು ನಂಬುವಂತಿಲ್ಲ. ಹಾಲಿಗೆ ಸಕ್ಕರೆಯಿಲ್ಲದ ಹಾಲಿನ ಪುಡಿ ಬೆರೆಸಿ ಹೆಪ್ಪು ಹಾಕಿದ ಗಟ್ಟಿ ಮೊಸರು ಮತ್ತು ಬೇಯಿಸಿದ ಮೊಟ್ಟೆಯ ಬಿಳಿ, ಇವೆರಡೇ ಹೆಚ್ಚು ಮಂದಿಗೆ ಒಗ್ಗಿದ್ದು. ಸಿಹಿಯ ವಿಷಯಕ್ಕೆ ಬಂದರೆ, ಮೈಸೂರು ಪಾಕಿನ ಒಂದು ತುಂಡು ತಿಂದು, ಮದುವೆ ಮನೆಯಲ್ಲೇ ಬೆವತು, ಎದೆ ಹೊಡೆದುಕೊಂಡು ಮಲಗಿದ ಬೈಪಾಸಿನವರೊಬ್ಬರ ಅನುಭವವನ್ನು ಈಗಲೂ ಹೊಸಬರಿಗೆ ಅವರ ಬಾಯಿಂದಲೇ ಹೇಳಿಸುತ್ತೇವೆ.

ಮದುವೆ, ಗೃಹಪ್ರವೇಶಗಳ ಪಂಕ್ತಿ ಊಟವೇ ನಮ್ಮವರಿಗೆ ಅತಿ ಕಷ್ಟದ ಪರೀಕ್ಷೆ. ಎಲೆಯಲ್ಲಿ ಬಿಟ್ಟರೆ ಬಡಿಸಿದವರಿಗೆ ಅವಮಾನ, ತಿಂದರೆ ನಮಗೆ ಸಂಕಟ, ಬೇಡವೆಂದರೆ "ಒಂದೇ ಒಂದು ಹೋಳಿಗೆ ಕಣಮ್ಮ, ನನ್ನ ಮೇಲಾಣೆ" ಎಂಬ ಉಪಚಾರ. ಇಂಥ ಕಡೆ ಸಾಧ್ಯವಾದಾಗಲೆಲ್ಲ ಜೋಡಿಯಾಗಿಯೇ ಹೋಗುತ್ತೇವೆ. ಇಬ್ಬರೂ ಕೈ ಅಡ್ಡ ಹಿಡಿದರೆ ಬಡಿಸುವವರು ಮುಂದಕ್ಕೆ ಹೋಗುತ್ತಾರೆ. ಒಂಟಿಯಾಗಿ ಹೋಗಬೇಕಾದವರಿಗೆ ನಾನು ಹೇಳಿಕೊಡುವ ಒಂದು ಮಾತಿದೆ. ಅದು ಊರೆಲ್ಲ ತಿಳಿದರೆ ಕೆಲಸಕ್ಕೆ ಬಾರದು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಹಣದ ವಿಷಯಕ್ಕೆ ಬಂದರೆ, ಆಪರೇಷನ್ನಿನ ಖರ್ಚು ಎಲ್ಲರ ಲೆಕ್ಕದಲ್ಲಿರುತ್ತದೆ, ಆಮೇಲಿನದು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚಿದ್ದು ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೀವ್ರ ತೊಂದರೆಯಿದ್ದರೆ, ವಿಮೆಯವರು ಆಪರೇಷನ್ನಿಗೆ ಒಪ್ಪುವ ಅವಕಾಶವಿದೆ. ಆದರೆ ಬಿ12 ಮತ್ತು ಡಿ ಜೀವಸತ್ವ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ತಿಂಗಳಿಗೆ 1,200ರಷ್ಟು, ವರ್ಷಕ್ಕೆರಡು ಸಲದ ರಕ್ತಪರೀಕ್ಷೆಗೆ ಐದಾರು ಸಾವಿರ, ಇವು ನಮ್ಮ ಗುಂಪಿನ ಎಲ್ಲರೂ ಕೈಯಿಂದಲೇ ಕೊಡುತ್ತಿರುವುದು. ಮಾತ್ರೆ ಬಿಟ್ಟವರಲ್ಲಿ ಹೆಚ್ಚಿನವರು ಮರೆತು ಬಿಟ್ಟವರಲ್ಲ, ಹಣವಿಲ್ಲದೆ ಬಿಟ್ಟವರು. ಅದನ್ನು ಹೇಳಲು ನಾಚಿ ಮರೆತೆ ಎನ್ನುತ್ತಾರೆ. ಈಗ ಅಂಥವರಿಗಾಗಿ ತಿಂಗಳಿಗೆ ತಲಾ 100 ರೂಪಾಯಿ ಕೂಡಿಸುತ್ತೇವೆ. ಯಾರಿಗೆ ಕೊಟ್ಟೆವೆಂಬುದು ಇಬ್ಬರಿಗೆ ಮಾತ್ರ ಗೊತ್ತಿರುತ್ತದೆ.

ಬಟ್ಟೆಯ ಖರ್ಚನ್ನು ಮಾತ್ರ ನಾನು ಪೂರ್ತಿ ಗೆದ್ದಿದ್ದೇನೆ. ಮೊದಲ ವರ್ಷ ಎರಡು ತಿಂಗಳಿಗೊಮ್ಮೆ ಎಲ್ಲವೂ ಸಡಿಲವಾಗುತ್ತದೆ. ಅಂಗಡಿಯ ಹಿಂದಿನ ಕಪಾಟಿನಲ್ಲಿ ಎದೆಯ ಅಳತೆಯ ಪ್ರಕಾರ 50ರಿಂದ 36ರವರೆಗೆ ಚೂಡಿದಾರ, ಶರ್ಟು, ಬ್ಲೌಸುಗಳನ್ನು ಜೋಡಿಸಿಟ್ಟಿದ್ದೇವೆ. ಇಳಿದವರು ಹಳೆಯದನ್ನು ಬಿಟ್ಟು ಮುಂದಿನದನ್ನು ಒಯ್ಯುತ್ತಾರೆ. ಒಂದೇ ಬ್ಲೌಸನ್ನು ನಾಲ್ಕು ಸಲ ಹಿಡಿಯುವಂತೆ ಹೊಲಿಗೆ ಬಿಡುವ ಒಂದು ರೀತಿಯನ್ನೂ ಕಂಡುಕೊಂಡಿದ್ದೇನೆ. ಅದು ನನ್ನ ಕಸುಬಿನ ಗುಟ್ಟು.

ಎಲ್ಲವೂ ಗೆದ್ದಿತೆಂದು ಹೇಳಲಾರೆ. ಎರಡನೆಯ ವರ್ಷ ಹಸಿವು ಮರಳುತ್ತದೆ, ಹೊಗಳುವವರು ಕಡಿಮೆಯಾಗುತ್ತಾರೆ, ಜೋಡಿಗಳಿಗೂ ದಿನವೂ ಫೋನ್ ಮಾಡಿ ದಣಿವಾಗಿರುತ್ತದೆ. ತೂಕ ಮರಳಿದ ನಾಲ್ವರಲ್ಲಿ ಮೂವರು ಆ ಹೊತ್ತಿನಲ್ಲೇ ಫೋನ್ ನಿಲ್ಲಿಸಿದವರು. ನಾಲ್ಕನೆಯವರು ಊಟದ ಜಾಗದಲ್ಲಿ ಕುಡಿತ ಹಿಡಿದರು, ಅದು ನಮ್ಮ ಕೈ ಮೀರಿತು, ಅದರ ವೈದ್ಯರ ಬಳಿಗೆ ಕರೆದೊಯ್ದೆವು. ಈಗ ಹದಿನೆಂಟನೆಯ ತಿಂಗಳಿಗೆ ಜೋಡಿ ಬದಲಿಸುತ್ತೇವೆ. ಅಲ್ಲಿಯವರೆಗೆ ಕೇಳಿಸಿಕೊಂಡವರು ಅಂದಿನಿಂದ ತಮಗಿಂತ ಹಿಂದಿರುವವರನ್ನು ಕೇಳುವವರಾಗುತ್ತಾರೆ. ಈ ಬದಲಾವಣೆಯ ನಂತರ ಫೋನ್ ಬಿಟ್ಟವರು ಒಬ್ಬರೇ. ಭಾನುವಾರ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎಲ್ಲರೂ ಸೇರಿ ನಡೆಯುವುದನ್ನೂ ಆಗಲೇ ಶುರುಮಾಡಿದ್ದು. ಅದಕ್ಕೆ ಬಾಡಿಗೆಯಿಲ್ಲ, ಮೈಕ್ ಬೇಕಿಲ್ಲ.

ಕಳೆದ ತಿಂಗಳು ಹುಣಸೂರಿನಿಂದ ಒಬ್ಬರು ಬಂದರು, ಆಪರೇಷನ್ ಆಗಿ ಇಪ್ಪತ್ತೆರಡು ದಿನ. ತೂಕ ಎಂಟು ದಿನದಿಂದ ನಿಂತಿದೆ ಎಂದು ಹೇಳುವಾಗ ಅವರ ದನಿ ನಡುಗುತ್ತಿತ್ತು. ನಾನು ಏನೂ ಹೇಳದೆ, ಐದು ತಿಂಗಳು ಮುಂದಿರುವ ಅವರ ಜೋಡಿಯ ಪುಟವನ್ನು ಅಳತೆ ಪುಸ್ತಕದಲ್ಲಿ ತೆರೆದು ಅವರ ಮುಂದಿಟ್ಟೆ. ಅಲ್ಲಿಯೂ ಮೂರನೆಯ ವಾರದ ಪಕ್ಕದಲ್ಲಿ "ತೂಕ ನಿಂತಿದೆ, ತುಂಬ ಅತ್ತರು" ಎಂದು ನನ್ನ ಅಕ್ಷರದಲ್ಲಿ ಬರೆದಿತ್ತು. ಅವರು ಆ ಸಾಲನ್ನು ಎರಡು ಸಲ ಓದಿದರು. ಪಕ್ಕದಲ್ಲಿ ನಿಂತಿದ್ದ ಜೋಡಿ ಕೇಳಿದರು: "ಅಕ್ಕಾ, ಬೆಳಿಗ್ಗೆಯಿಂದ ನೀರು ಎಷ್ಟು ಕುಡಿದ್ರಿ?"